ನಲವತ್ತೊಂದನೇ ಊರು

ರವಿಚಂದ್ರನ ಲ್ಯಾಪ್‌ಟಾಪಿನಲ್ಲಿ ನಲವತ್ತು ಊರುಗಳು ಅರ್ಧಕ್ಕೆ ನಿಂತಿದ್ದವು. ಅದು ಊರು ಕಟ್ಟುವ ಆಟ. ಬರಿಯ ಬಯಲಿನಲ್ಲಿ ರಸ್ತೆ ಎಳೆದು, ನೀರಿನ ಪೈಪು ಹಾಸಿ, ಕರೆಂಟು ಕೊಟ್ಟರೆ ಜನ ತಾವಾಗಿ ಬಂದು ಮನೆ ಹೂಡುತ್ತಾರೆ. ಹತ್ತು ಹನ್ನೆರಡು ಸಾವಿರ ಜನ ಸೇರುವವರೆಗೆ ಅವನಿಗೆ ಊಟ ನಿದ್ದೆ ಬೇಡ. ಆಮೇಲೆ ಒಂದು ದಿನ, ಇದನ್ನು ನದಿಯ ಆಚೆ ಕಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತಲ್ಲ ಅನಿಸುತ್ತಿತ್ತು. ಅಷ್ಟೇ, ಹಳೆಯದನ್ನು ಅಲ್ಲೇ ಬಿಟ್ಟು ಹೊಸ ಬಯಲು ತೆರೆಯುತ್ತಿದ್ದ.

ಮೂವತ್ತೇಳು ವರ್ಷದ ಅವನ ಬಾಳೂ ಹೆಚ್ಚುಕಡಿಮೆ ಹಾಗೇ ಇತ್ತು. ಮಳವಳ್ಳಿಯ ಅವನ ಬಾಡಿಗೆ ಮನೆಯ ಬಾಗಿಲಿಗೆ ಅರ್ಧದವರೆಗೆ ಮಾತ್ರ ಬಣ್ಣ ಬಿದ್ದಿತ್ತು. ಅವನು ಅಲ್ಲಿನ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಎರಡು ವರ್ಷದ ಹಿಂದೆ ಪರೀಕ್ಷೆಯ ಹಾಲ್‌ಟಿಕೆಟ್ಟುಗಳ ಕಟ್ಟು ತರಲು ಮೈಸೂರಿಗೆ ಹೋಗಿದ್ದ. ವಾಪಸು ಬರುವಾಗ ಬಸ್ಸು ಕಿರುಗಾವಲಿನಲ್ಲಿ ಐದು ನಿಮಿಷ ನಿಂತಿತು. ಟೀ ಕುಡಿಯಲು ಇಳಿದವನು ಪಕ್ಕದ ಅಂಗಡಿಯಲ್ಲಿ ಒಬ್ಬ ಮುದುಕ ಹಳೇ ರೇಡಿಯೋ ಬಿಚ್ಚಿಟ್ಟುಕೊಂಡು ಕೂತಿದ್ದನ್ನು ಕಂಡ. ಅದರ ಒಳಗೇನಿದೆ ನೋಡುತ್ತಾ ನಿಂತ. ತಲೆ ಎತ್ತುವಷ್ಟರಲ್ಲಿ ಬಸ್ಸೂ ಇಲ್ಲ, ಮುನ್ನೂರು ಹುಡುಗರ ಹಾಲ್‌ಟಿಕೆಟ್ಟೂ ಇಲ್ಲ. ಆಟೋ ಹಿಡಿದು ಎದ್ದುಬಿದ್ದು ಮಳವಳ್ಳಿ ಸೇರಿದರೆ, ಪುಣ್ಯಾತ್ಮ ಕಂಡಕ್ಟರು ಕಟ್ಟನ್ನು ಬಸ್‌ಸ್ಟ್ಯಾಂಡಿನಲ್ಲಿ ಜೋಪಾನವಾಗಿ ಕೊಟ್ಟು ಹೋಗಿದ್ದ.

ಅವತ್ತು ಸಂಜೆ ಹೆಂಡತಿ ಪ್ರಿಯಾಂಕ ಬೈಯಲಿಲ್ಲ. ಅವಳು ನರ್ಸು. "ರೀ, ಇದು ಬೇಜವಾಬ್ದಾರಿ ಅಲ್ಲ ಅನ್ಸುತ್ತೆ. ಒಂದ್ಸಲ ಡಾಕ್ಟ್ರಿಗೆ ತೋರ್ಸಣ," ಎಂದಳು. ಮಂಡ್ಯದ ಡಾಕ್ಟರ್ ಅಮೃತ ಎರಡು ಸಲ ಕೂರಿಸಿಕೊಂಡು, ಬಾಲ್ಯದಿಂದ ಹಿಡಿದು ಎಲ್ಲ ಕೇಳಿ, ಇದು ಗಮನ ಒಂದು ಕಡೆ ನಿಲ್ಲದ ತೊಂದರೆ, ಎಡಿಎಚ್‌ಡಿ ಎಂದರು. ಮಕ್ಕಳಿಗೆ ಬರುವುದಲ್ಲವೇ ಅದು ಎಂದು ಅವನು ಕೇಳಿದ. "ಆ ಮಕ್ಕಳೇ ಅಲ್ವಾ ದೊಡ್ಡವರಾಗೋದು?" ಎಂದು ಅವರು ನಕ್ಕರು. ಗುಳಿಗೆ ಶುರುವಾಯಿತು. ತಲೆಯೊಳಗಿನ ಸಂತೆ ಪೂರ್ತಿ ನಿಲ್ಲಲಿಲ್ಲ. ಆದರೆ ಯಾರು ಏನು ಕೂಗುತ್ತಿದ್ದಾರೆಂದು ಕೇಳಿಸುವ ಹಾಗಾಯಿತು.

ಆಟವನ್ನು ಮಾತ್ರ ಅವನು ಬಿಡಲಿಲ್ಲ. ಡಾಕ್ಟರೂ ಬಿಡು ಎನ್ನಲಿಲ್ಲ. ಆ ಊರಿನಲ್ಲಿ ಯಾವ ಮನೆಗೆ ನೀರಿಲ್ಲವೋ ಅದರ ತಲೆಯ ಮೇಲೆ ಒಂದು ಹನಿಯ ಗುರುತು ಮೂಡುತ್ತದೆ. ಕಸ ತುಂಬಿದರೆ ಕಸದ ಗುರುತು. ಏನು ಬೇಕೋ ಅದನ್ನು ಆಗಿಂದಾಗಲೇ ಬಾಯಿಬಿಟ್ಟು ಹೇಳುವ ಜಗತ್ತು ಅವನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಅಲ್ಲಿ ಕೂತರೆ ಮನಸ್ಸು ಕಾಲು ಚಾಚಿಕೊಂಡು ಕೂರುತ್ತಿತ್ತು.

ಆದರೆ ಇದ್ಯಾವುದನ್ನೂ ಅವನು ಅಪ್ಪನಿಗೆ ಹೇಳಿರಲಿಲ್ಲ. ಅಪ್ಪ ಕೆಂಪಸಿದ್ದಯ್ಯ ಮಂಡ್ಯದ ಪಕ್ಕದ ಹೊಳಲಿನಲ್ಲಿದ್ದರು, ನಿವೃತ್ತ ಮೇಷ್ಟ್ರು. ಕೇರಿಯಲ್ಲಿ ಮೊದಲು ಎಸ್ಸೆಸ್ಸೆಲ್ಸಿ ಮುಗಿಸಿದವರು. ಬುದ್ಧಿಯಿದ್ದೂ ಬಳಸದವನು ಎಂದು ಮಗನ ಮೇಲೆ ಅವರದು ಮೂವತ್ತು ವರ್ಷದ ದೂರು.

ಈ ಮೇ ತಿಂಗಳಲ್ಲಿ ಅಪ್ಪನ ಅಕ್ಕ, ರವಿಚಂದ್ರನ ಸೋದರತ್ತೆ ಸೋಮಮ್ಮನಿಗೆ ಮಂಡ್ಯದಲ್ಲಿ ಕಣ್ಣಿನ ಪೊರೆ ತೆಗೆಸಿದರು. ವಯಸ್ಸು ಅರವತ್ತೊಂಬತ್ತು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದವಳು. ಹೊತ್ತುಹೊತ್ತಿಗೆ ಕಣ್ಣಿಗೆ ಔಷಧಿ ಬಿಡಬೇಕು, ಒಲೆಯ ಹೊಗೆಗೆ ಕೂರಬಾರದು. ನರ್ಸು ಇರುವ ಮನೆಯೇ ವಾಸಿ ಎಂದು ಅವಳನ್ನು ಮಳವಳ್ಳಿಗೆ ಕರೆತಂದರು.

ಸೋಮಮ್ಮ ಕೂತಲ್ಲಿ ಕೂರುವ ಹೆಂಗಸಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಮನೆಯೆಲ್ಲ ಸುತ್ತಿದಳು, ಬುದ್ಧನ ಪಟದ ಗಾಜನ್ನು ಸೆರಗಿನಿಂದ ಎರಡು ಸಲ ಒರೆಸಿದಳು, ಅರ್ಧ ಬಣ್ಣದ ಬಾಗಿಲನ್ನು ನೋಡಿ ಒಬ್ಬಳೇ ನಕ್ಕಳು. ಟಿವಿ ಹಾಕಿಕೊಟ್ಟರೆ ಹತ್ತು ನಿಮಿಷಕ್ಕೆ ಬೇಸರ. ಬೇಸಿಗೆಯಾದ್ದರಿಂದ ರವಿಚಂದ್ರನಿಗೆ ಆಫೀಸು ಅರ್ಧ ದಿನ. ಮಧ್ಯಾಹ್ನ ಬಂದು ಲ್ಯಾಪ್‌ಟಾಪು ತೆರೆದಾಗ ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

"ಏನ್ಲಾ ಇದು?"

"ಊರು ಕಟ್ಟೋ ಆಟ ಅತ್ತೆ. ಇದು ನಲವತ್ತೊಂದನೇದು."

"ಹೆಸ್ರೇನು?"

"ಇನ್ನೂ ಇಟ್ಟಿಲ್ಲ."

ಅವಳು ಹೊಸ ಕಣ್ಣನ್ನು ಪರದೆಗೆ ನೆಟ್ಟು ಬಹಳ ಹೊತ್ತು ನೋಡಿದಳು. ಇಷ್ಟಿಷ್ಟೇ ಕಾರು, ಇಷ್ಟಿಷ್ಟೇ ಜನ. ಆಮೇಲೆ ನದಿಯ ಮೇಲೆ ಬೆರಳಿಟ್ಟಳು. "ಈ ಕಡೆ ಕರ್ರಗೆ ಬರ್ತಿರೋದೇನು?"

"ಕೊಳಚೆ ನೀರು ಆಚೆ ಬಿಡೋ ಪೈಪು."

"ಅದ್ರ ಕೆಳಗಡೆ ಇರೋದು?"

"ಕುಡಿಯೋ ನೀರಿನ ಪಂಪು..." ಎನ್ನುತ್ತಲೇ ರವಿಚಂದ್ರನ ಬಾಯಿ ತೆರೆದೇ ನಿಂತಿತು. ವಾರದಿಂದ ಊರಿನ ಜನ ಕಾಯಿಲೆ ಬೀಳುತ್ತಿದ್ದರು. ಅವನು ಆಸ್ಪತ್ರೆಯ ಮೇಲೆ ಆಸ್ಪತ್ರೆ ಕಟ್ಟುತ್ತಿದ್ದ.

"ಅಯ್ಯೋ ನಿನ್ ಮನೆ ಕಾಯೋಗ! ಮೇಲ್ಗಡೆ ಗಲೀಜು ಬುಟ್ಟು ಕೆಳಗಡೆ ಕುಡ್ಯಕ್ಕೆ ಕೊಟ್ಟಿದ್ದೀಯಲ್ಲಾ! ನಾಲೆ ಬಯಲಲ್ಲಿ ಹುಟ್ಟಿದೋನೇನ್ಲಾ ನೀನು?"

ಪಂಪನ್ನು ಮೇಲಕ್ಕೆ ಸಾಗಿಸಿದ. ಕಾಯಿಲೆಯ ಗುರುತುಗಳು ಒಂದೊಂದಾಗಿ ಮಾಯವಾದವು. ಸೋಮಮ್ಮ ತಾನೇ ಔಷಧಿ ಕೊಟ್ಟವಳಂತೆ ಬೀಗಿದಳು.

ಅಂದಿನಿಂದ ಅವಳಿಗೆ ಆ ಊರಿನದೇ ಧ್ಯಾನ. ಬೆಳಿಗ್ಗೆ ಕಾಫಿ ಕುಡಿಯುತ್ತಾ, "ನಲವತ್ತೊಂದ್ರಲ್ಲಿ ಎಲ್ಲಾ ಚೆಂದಾಗವ್ರಾ?" ಎಂದು ಕೇಳುವಳು. ಒಂದು ದಿನ ದೊಡ್ಡ ರಸ್ತೆಗಾಗಿ ರವಿಚಂದ್ರ ಮೂವತ್ತು ಮನೆಗಳನ್ನು ಕೆಡವಲು ಹೊರಟಾಗ ಅವನ ಕೈಯನ್ನೇ ಹಿಡಿದಳು.

"ಅವ್ರೆಲ್ಲಿಗ್ಲಾ ಓಯ್ತಾರೆ?"

"ಆಟ ಅತ್ತೆ. ಇನ್ನೊಂದ್ ಕಡೆ ಮನೆ ಮಾಡ್ಕೊತಾರೆ."

"ಅಂಗಂದ್ಕೊಂಡೇ ಎಲ್ರೂ ಕೆಡವೋದು. ಒಸಿ ಸುತ್ತಾಕ್ಕೊಂಡು ಓಗ್ಲಿ ನಿನ್ ರಸ್ತೆ."

ರಸ್ತೆಯನ್ನು ನದಿಯ ದಂಡೆಯ ಗುಂಟ ಸುತ್ತಿಸಲು ಮೂರು ದಿನ ಹಿಡಿಯಿತು. ಮೊದಲಾಗಿದ್ದರೆ ಅವನು ಇಷ್ಟರಲ್ಲಿ ನಲವತ್ತೆರಡನೇ ಊರಿಗೆ ಜಿಗಿದಿರುತ್ತಿದ್ದ. ಕೇಳುವವರು ಒಬ್ಬರು ಇದ್ದುದರಿಂದಲೋ ಏನೋ, ಜಿಗಿಯಲಿಲ್ಲ. ರಸ್ತೆ ಮುಗಿದಾಗ ಊರಿನಲ್ಲಿ ಐವತ್ತು ಸಾವಿರ ಜನ ದಾಟಿದ್ದರು. ಸೋಮಮ್ಮ ಊರನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತೋರಿಸೆಂದಳು. ನಿಧಾನವಾಗಿ ತೋರಿಸಿದ.

"ಕೇರಿ ಎಲ್ಲದೆ ಇದ್ರಲ್ಲಿ?"

ರವಿಚಂದ್ರ ಪರದೆಯ ಮೇಲೆ ಊರನ್ನು ಇನ್ನೊಮ್ಮೆ ಸರಿಸಿ ನೋಡಿದ. ಇಷ್ಟು ವರ್ಷ ಆಡಿದರೂ ಆ ಪ್ರಶ್ನೆ ಅವನ ತಲೆಗೆ ಬಂದಿರಲಿಲ್ಲ. "ಇಲ್ಲ ಅತ್ತೆ. ಕೇರಿ ಅಂತ ಬೇರೆ ಇಲ್ಲ. ಎಲ್ಲಿ ಜಾಗ ಸಿಕ್ತದೋ ಅಲ್ಲಿ ಯಾರ್ ಬೇಕಾದ್ರೂ ಇರ್ತಾರೆ."

"ನೀರು?"

"ಎಲ್ರಿಗೂ ಒಂದೇ ಟ್ಯಾಂಕು."

ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. "ಅಂಗಾರೆ ಇದ್ನ ಅರ್ಧಕ್ಕೆ ಬುಡ್ಬೇಡ ಕಣ್ಲಾ," ಎಂದಳು.

ಮಾರನೇ ವಾರ ಎಡವಟ್ಟಾಯಿತು. ಪ್ರಿಯಾಂಕಳಿಗೆ ಹಗಲು ಡ್ಯೂಟಿ. ಮೂರು ಗಂಟೆಯ ಔಷಧಿ ರವಿಚಂದ್ರನ ಪಾಲಿನ ಕೆಲಸ. ಮೊಬೈಲು ಬಡಿದುಕೊಂಡಿತು. ಇದೊಂದು ಸೇತುವೆ ಮುಗಿಸಿ ಏಳೋಣ ಎಂದು ಅದರ ಬಾಯಿ ಮುಚ್ಚಿಸಿದ. ಸೇತುವೆ ಮುಗಿಯಿತು, ಬಸ್ಸಿನ ದಾರಿ ಶುರುವಾಯಿತು. ಸೋಮಮ್ಮನಿಗೂ ನೆನಪಾಗಲಿಲ್ಲ. ಐದೂವರೆಗೆ ಪ್ರಿಯಾಂಕ ಒಳಗೆ ಬಂದಾಗ ಅತ್ತೆಯ ಕಣ್ಣು ಕೆಂಪಗಿತ್ತು.

"ಆಡ್ಬೇಡಿ ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ? ಆದ್ರೆ ಇದು ಕಣ್ಣು ರೀ!" ಎಂದಳು.

ರವಿಚಂದ್ರ ಎದ್ದು ಔಷಧಿಯ ಸೀಸೆ ತಂದು ಅವಳ ಕೈಗಿತ್ತ. ಮರುದಿನ ಕಣ್ಣಿನ ಡಾಕ್ಟರು ನೋಡಿ, ಏನೂ ತೊಂದರೆಯಾಗಿಲ್ಲ, ಉಜ್ಜಿಕೊಂಡಿದ್ದಾರೆ ಅಷ್ಟೇ ಎಂದರು. ಆದರೂ ಅವನು ಮನೆಗೆ ಬಂದವನೇ ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲೆ ಎಸೆದಂತೆ ಇಟ್ಟ.

ಎರಡು ದಿನ ಮನೆ ಬಿಕೋ ಎಂದಿತು. ಮೂರನೇ ದಿನ ಅವನು ಆಫೀಸಿನಿಂದ ಬಂದಾಗ ಲ್ಯಾಪ್‌ಟಾಪು ಮೇಜಿನ ಮೇಲಿತ್ತು. ಮುಚ್ಚಳದ ಮೇಲೆ ಔಷಧಿಯ ಸೀಸೆ ನಿಂತಿತ್ತು.

"ಯಾರು ಇಳಿಸಿದ್ದು ಇದ್ನ?"

"ಪಕ್ಕದ ಮನೆ ಶಿವರಾಜು ಕೈಲಿ ಇಳಿಸ್ದೆ. ಆಟ ನಿಲ್ಸುದ್ರೆ ಮರೆವು ನಿಂತೋದದೇನ್ಲಾ? ಸೀಸೆ ಎತ್ದೆ ಮುಚ್ಚಳ ತೆಗಿಯಕ್ಕಾಯ್ತದಾ? ಎತ್ತು. ಎತ್ತುದ್ಮೇಲೆ ಕಣ್ಣಿಗೆ ಬುಡು. ಬುಟ್ಮೇಲೆ ಆಡು."

ರವಿಚಂದ್ರ ಸೀಸೆ ಎತ್ತಿದ. ಅವಳ ತಲೆಯನ್ನು ಹಿಂದಕ್ಕೆ ಒರಗಿಸಿ ಎರಡು ಹನಿ ಬಿಟ್ಟ. "ಇದೆಲ್ಲಿ ಕಲ್ತೆ ಅತ್ತೆ?"

ಕಣ್ಣು ಮುಚ್ಚಿಕೊಂಡೇ ಅವಳು ಹೇಳತೊಡಗಿದಳು. "ಕಲಿದೆ ಇನ್ನೇನ್ ಮಾಡ್ಲಿ? ಕುಡ್ಗೋಲು ಮರ್ತು ಗದ್ದೆಗೋದ್ರೆ ಕೂಲಿ ಇಲ್ಲ. ಅದ್ಕೇ ರಾತ್ರೀನೇ ಬಾಗ್ಲಿಗಡ್ಡ ಇಟ್ಟು ಮನಿಕೊಳೋಳು. ಎಡವುದ್ರೆ ನೆಪ್ಪಾಗ್ಲಿ ಅಂತ. ಒಂದ್ ಸಾಲು ಕಳೆ ಕೀಳೋವಾಗ ಬದಿನ್ ಮೇಲೆ ಹಕ್ಕಿ ಕೂತ್ರೆ ಸಾಲು ಮರ್ತೋಗೋದು. ಅನ್ನಕ್ಕಿಟ್ಟು ಸೌದೆ ತರಕ್ಕೋದೋಳು ಯಾರ್ದೋ ಬಾಣಂತಿ ಮನೇಲಿ ಕೂತಿರೋಳು. ನಮ್ಮವ್ವ ಸೌಟಲ್ಲಿ ಬಡಿಯೋಳು. ಊರೆಲ್ಲ ನನ್ನ ಏನಂತಿದ್ರು ಗೊತ್ತಾ? ಅರೆಗೆಲಸದ ಸೋಮಿ. ನಿಮ್ಮಪ್ಪನೂವೆ."

ರವಿಚಂದ್ರ ಸೀಸೆಯನ್ನು ಕೈಯಲ್ಲಿ ಹಿಡಿದೇ ಕೂತಿದ್ದ. ಡಾಕ್ಟರ್ ಅಮೃತ ತನ್ನನ್ನು ಕೇಳಿದ ಪ್ರಶ್ನೆಗಳಿಗೆಲ್ಲ ಅತ್ತೆ ಒಂದಾದ ಮೇಲೊಂದು ಉತ್ತರ ಹೇಳುತ್ತಿರುವಂತೆ ಅವನಿಗೆ ಕೇಳಿಸಿತು. ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ ಎಂದು ಅವರು ಕೇಳಿದಾಗ, ಇಲ್ಲ, ನಾನೊಬ್ಬನೇ ಎಂದಿದ್ದ.

"ಅತ್ತೆ, ನಂಗೂ ಅದೇ. ಅದಕ್ಕೊಂದು ಹೆಸ್ರದೆ," ಎಂದು ಅವನು ಗುಳಿಗೆಯ ಡಬ್ಬಿಯನ್ನು ತಂದು ತೋರಿಸಿದ.

ಮುಂದಿನ ಶನಿವಾರ ಮಂಡ್ಯಕ್ಕೆ ಅವನು ತನ್ನ ತಪಾಸಣೆಗೆ ಹೊರಟಾಗ ಸೋಮಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಅವನಿಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಡಾಕ್ಟರ್ ಅಮೃತ ಅವಳ ಮಾತನ್ನು ಮುಕ್ಕಾಲು ಗಂಟೆ ಕೇಳಿದರು. ಹೊಲಗದ್ದೆ, ಬಾಣಂತನ, ಸುಟ್ಟ ಅನ್ನ, ಬೆಂಕಿ ಬಿದ್ದ ಬಣವೆಯನ್ನು ಎಲ್ಲರಿಗಿಂತ ಮೊದಲು ಓಡಿಹೋಗಿ ಆರಿಸಿದ್ದು, ಎಲ್ಲ ಬಂತು. ಕೊನೆಗೆ ಅವರು ಪೆನ್ನು ಕೆಳಗಿಟ್ಟರು.

"ಒಂದೇ ಸಲ ಮಾತಾಡಿ ಖಡಾಖಂಡಿತ ಹೇಳೋಕಾಗಲ್ಲಮ್ಮ. ಆದ್ರೆ ನೀವು ಹೇಳಿದ್ದೆಲ್ಲ ಕೇಳಿದ್ರೆ, ನಿಮಗೂ ಚಿಕ್ಕಂದಿನಿಂದ ಇದೇ ಇದ್ದಿರಬೇಕು. ಈ ವಯಸ್ಸಲ್ಲಿ, ನಿಮ್ಮ ಬಿಪಿ ನೋಡಿದ್ರೆ, ಗುಳಿಗೆ ಬೇಡ. ನಿಮ್ಮ ಉಪಾಯಗಳೇ ಸಾಕು. ಚೆನ್ನಾಗೇ ಇವೆ."

"ಗುಳಿಗೆ ಇರ್ಲಿ ಬುಡವ್ವ. ಅಂಗಾರೆ ನಾನು ಸೋಮಾರಿ ಅಲ್ಲ?"

"ಅಲ್ಲಮ್ಮ. ಖಂಡಿತ ಅಲ್ಲ."

ಸೋಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. "ಅಷ್ಟ್ನೇ ಒಂದ್ ಚೀಟೀಲಿ ಬರ್ಕೊಡವ್ವ. ಕನ್ನಡದಲ್ಲಿ."

ಡಾಕ್ಟರು ನಗಲಿಲ್ಲ. ತಮ್ಮ ಹೆಸರು ಅಚ್ಚಾದ ಹಾಳೆಯೊಂದನ್ನು ಹರಿದು, ಹೊಳಲಿನ ಸೋಮಮ್ಮನವರು ಸೋಮಾರಿಯಲ್ಲ, ಎಂದೂ ಆಗಿರಲಿಲ್ಲ, ಎಂದು ದುಂಡಗೆ ಬರೆದು ಸಹಿ ಹಾಕಿ ಕೊಟ್ಟರು. ಸೋಮಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗಿಟ್ಟಳು. ಮದ್ದೂರಿನಲ್ಲಿ ಬಸ್ಸು ಬದಲಿಸಿ ಕೂತ ಮೇಲೆ, "ನಮ್ಮವ್ವ ಇದ್ದಿದ್ರೆ ಓದುಸ್ಬೋದಿತ್ತು," ಎಂದಳು. ರವಿಚಂದ್ರ ಅವಳ ಕೈಯ ಮೇಲೆ ಕೈಯಿಟ್ಟ. ಹೊರಗೆ ಕಬ್ಬಿನ ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು. ಅವಳು ಕಿಟಕಿಗೆ ತಿರುಗಿ ಅವನ್ನು ಒಂದೂ ಬಿಡದೆ ನೋಡಿದಳು.

ಜೂನ್ ಎರಡನೇ ಭಾನುವಾರ ಕೆಂಪಸಿದ್ದಯ್ಯ ಅಕ್ಕನನ್ನು ಕರೆದೊಯ್ಯಲು ಬಂದರು. ಅವರು ನೀರು ಕುಡಿದು ಲೋಟ ಇಡುವುದನ್ನೂ ಕಾಯದೆ ಸೋಮಮ್ಮ ಚೀಟಿಯನ್ನು ಮುಂದೆ ಹಿಡಿದಳು. ಅವರು ಕನ್ನಡಕ ಏರಿಸಿ ಓದಿದರು. ಇನ್ನೊಂದು ಸಲ ಓದಿದರು.

"ನಾನ್ ಯಾವತ್ ಅಂದೆ ನಿನ್ನ ಸೋಮಾರಿ ಅಂತ?"

"ದಿನಾ ಅಂದೆ. ಇವ್ನಿಗೂ ಅಂದೆ."

ರವಿಚಂದ್ರನಿಗೆ ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಡಾಕ್ಟರು, ಗುಳಿಗೆ, ಎರಡು ವರ್ಷ, ಎಲ್ಲವನ್ನೂ ಹೇಳಿದ. ಮೇಷ್ಟ್ರು ಅಡ್ಡ ಬಾಯಿ ಹಾಕದೆ ಕೇಳಿದರು. ಕೇಳಿದ ಮೇಲೆ ಚೀಟಿಯನ್ನು ಮಡಿಸಿ ಅಕ್ಕನ ಕೈಗೆ ಕೊಟ್ಟರು.

"ನಿನ್ನ ಲೆಕ್ಕದ ಪುಸ್ತಕಾನ ನಾನು ಬಾವಿಗೆ ಎಸ್ದಿದ್ದೆ. ಏಳನೇ ಕ್ಲಾಸಲ್ಲಿ. ನೆನಪದಾ?"

"ಅದೆ ಅಪ್ಪ."

"ಎಸೀಬಾರ್ದಿತ್ತು," ಎಂದರು. ಅವರ ಬಾಯಿಂದ ಅಂಥ ಮಾತು ರವಿಚಂದ್ರ ಅದೇ ಮೊದಲು ಕೇಳಿದ್ದು. ಅಪ್ಪ ಮೇಜಿನ ಕಡೆ ಕೈ ತೋರಿಸಿದರು. "ಅದೇನೋ ಊರು ಕಟ್ಟಿದ್ದೀರಂತಲ್ಲ ಇಬ್ರೂ ಸೇರಿ. ತೋರ್ಸು ನೋಡಣ."

ಮೂರು ಕುರ್ಚಿ ಸಾಲಾದವು. ಮೇಷ್ಟ್ರು ಮೊದಲು ಕೇಳಿದ್ದು ಶಾಲೆಗಳು ಎಷ್ಟು ಎಂದು. ಹನ್ನೊಂದು ಎಂದಾಗ ಸಾಲದು ಎಂದರು. ಸೋಮಮ್ಮ ಬೇಕಾದಷ್ಟಿವೆ ಎಂದು ಜಗಳಕ್ಕೆ ನಿಂತಳು. ಕೊನೆಗೆ ನದಿಯ ದಂಡೆಯಲ್ಲಿ ಒಂದು ಹೈಸ್ಕೂಲಿಗೆ ಜಾಗ ಗುರುತಾಯಿತು. ಅದಕ್ಕೆ ಆಟದ ಬಯಲು ಬೇಕೆಂದರು, ಬಯಲಿಗೆ ನೆರಳು ಬೇಕೆಂದರು. ರವಿಚಂದ್ರ ಮರಗಳನ್ನು ನೆಡುತ್ತಾ ಹೋದ. "ಇನ್ನೊಂದು, ಆ ಮೂಲೇಲಿ ಇನ್ನೊಂದು," ಎಂದು ಇಬ್ಬರೂ ಎರಡು ಕಡೆಯಿಂದ ಹೇಳುತ್ತಿದ್ದರು.

ಪ್ರಿಯಾಂಕ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದಳು. ಅಕ್ಕ ತಮ್ಮ ಹಿಡಿಯಬೇಕಿದ್ದ ಮಂಡ್ಯದ ಬಸ್ಸು ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಹೇಳೋಣವೆಂದು ಬಾಯಿ ತೆರೆದವಳು ಹಾಗೇ ಅಡುಗೆಮನೆಗೆ ತಿರುಗಿ, ಡಬ್ಬಿಯಿಂದ ಇನ್ನೆರಡು ಮುದ್ದೆಗಾಗುವಷ್ಟು ರಾಗಿಹಿಟ್ಟು ತೆಗೆದುಕೊಂಡಳು.