ಒಂದೇ ದಪ್ಪದ ಕೋಲು

ಪ್ರವೀಣಕುಮಾರನ ಅಂಗಡಿಗೆ ಕಾಲಿಟ್ಟರೆ ನನಗೆ ವಾಕರಿಕೆ ಬರುತ್ತದೆ. ಕೊಟ್ಟೂರಿನಲ್ಲಿ ಮೀನು, ಮೊಲ, ಹಕ್ಕಿ ಮಾರುವ ಅಂಗಡಿ ಅದು. ನೀರಿನ ಬಟ್ಟಲಿನ ನೆತ್ತಿಯ ಮೇಲೆಯೇ ಹಕ್ಕಿ ಕೂರುವ ಕೋಲು, ಕೋಲಿನ ಮೇಲೆ ಒಣಗಿದ ಹಿಕ್ಕೆಯ ಪದರ, ಬಟ್ಟಲಿನಲ್ಲಿ ತೇಲುವುದೂ ಅದೇ ಹಿಕ್ಕೆ. ಅದೇ ನೀರು ಆ ಬಡಪಾಯಿಗಳಿಗೆ ಕುಡಿಯಲು. ಇಷ್ಟು ಹೇಸಿಗೆಯ ನಡುವೆ ಪ್ರವೀಣ ಮಾತ್ರ ಸೆಂಟು ಹೊಡೆದುಕೊಂಡು ಕೂತಿರುತ್ತಾನೆ.

ಕಳೆದ ವರ್ಷ ಅವನು ನನ್ನನ್ನು ಕರೆಸಿದ್ದು ಆ ಕೋಲುಗಳಿಗಾಗಿಯೇ. ನಾನು ಬೆನಕಪ್ಪ, ಮರ ಕಡೆಯುವವನು. ಲಟ್ಟಣಿಗೆ, ಕಡಗೋಲು, ಮಂಚದ ಕಾಲು, ತೊಟ್ಟಿಲ ಗೂಟ ಎಲ್ಲವನ್ನೂ ನಲವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ಕಡೆದಿದ್ದೇನೆ. ನನ್ನ ಕೋಲಿನ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದರೆ ಎಲ್ಲೂ ತಡೆಯಬಾರದು, ಎಲ್ಲೂ ದಪ್ಪ ತೆಳು ಆಗಬಾರದು. ಅಷ್ಟಕ್ಕೇ ನಾನು ಬೀಗುತ್ತಿದ್ದೆ.

ಪ್ರವೀಣನ ಪಂಜರದ ಕೋಲುಗಳಿಗೆಲ್ಲ ಮರಳುಕಾಗದ ಸುತ್ತಿತ್ತು.

"ಉಗುರು ತಾವಾ ಸವೀತಾವಂತ ಬೆನಕಪ್ಪಣ್ಣ," ಎಂದ. "ಆದ್ರ ನೋಡಾಕ ಚೆಂದ ಇಲ್ಲ."

"ಲೇ, ಮಂಚದ ಕಾಲಿನ ತೊಗಲು ಸುಲಿಯೋ ಕಾಗದ ಇದು! ಇದನ್ನ ಹಕ್ಕಿ ಕಾಲಿಗಿ ಹಾಕೀಯಲ್ಲ, ನಿನಗ ಹೇಸಿಕಿ ಬರಾಂಗಿಲ್ಲೇನು? ನಿನ್ನ ಚಪ್ಪಲಿಯಾಗ ಹಾಕ್ಕೊಂಡು ಅಡ್ಡಾಡು ನೋಡೋಣ."

ಅಂದು ನಾನು ಆಡಿದ ಮಾತು ಸರಿಯಾಗಿಯೇ ಇತ್ತು. ಮಾಡಿದ ಕೆಲಸ ಸರಿ ಇರಲಿಲ್ಲ. ತೇಗದ ಕೋಲುಗಳನ್ನು ಒಂದೇ ದಪ್ಪಕ್ಕೆ ಕಡೆದು, ವಾರ್ನಿಷ್ ಬಳಿದು, ಕನ್ನಡಿಯಂತೆ ಹೊಳೆಯಿಸಿ ಕೊಟ್ಟೆ. ಕೂಲಿಯ ಜೊತೆಗೆ ಪ್ರವೀಣ ನನ್ನವೇ ಕೋಲು ಹಾಕಿದ ಒಂದು ಪಂಜರ, ಎರಡು ಹಕ್ಕಿ ಕೊಟ್ಟ. ಊರವರೆಲ್ಲ ಲವ್ ಬರ್ಡ್ಸ್ ಅನ್ನುವ ಬಡ್ಜಿ ಗಿಳಿಗಳು, ಒಂದು ಹಸಿರು, ಒಂದು ನೀಲಿ.

ಹಕ್ಕಿಗಳು ನನ್ನ ಹೆಂಡತಿ ಉಚ್ಚಂಗೆಮ್ಮನ ಪಾಲಿಗೆ ಬಂದವು. ಅವಳಿಗೆ ಮೊಣಕಾಲು ಹೋಗಿ ನಾಲ್ಕು ವರ್ಷ. ನಾನೇ ಕಡೆದ ಊರುಗೋಲು ಹಿಡಿದು ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತಾಳೆ. ಕೋಲಿನ ನೆತ್ತಿಗೆ ನಿಂಬೆಹಣ್ಣಿನ ಗಾತ್ರದ ಗುಂಡು ಕೂರಿಸಿ ಕೊಟ್ಟಿದ್ದೆ. ಹೊಸದರಲ್ಲಿ ಅದೇನೋ ಗೊಣಗಿದಳು. ಇನ್ನೊಂದು ಕೈ ಪಾಲಿಶ್ ಹೊಡೆದುಕೊಟ್ಟ ಮೇಲೆ ಸುಮ್ಮನಾದಳು.

ಹಸಿರು ಹಕ್ಕಿಗೆ ಅವಳು ಗೆಜ್ಜಿ ಎಂದು ಹೆಸರಿಟ್ಟಳು. ಅದರ ಜೊತೆ ಆಡಿದಷ್ಟು ಮಾತನ್ನು ನನ್ನ ಜೊತೆ ಆಡಿದವಳಲ್ಲ. ಬೇಸಿಗೆಯ ಹೊತ್ತಿಗೆ ಒಂದು ದಿನ ಅಂದಳು:

"ಗೆಜ್ಜಿ ಕಾಲು ಎತ್ತಿ ಎತ್ತಿ ಇಡಾಕತ್ತೈತ್ರಿ. ಏನೋ ನೋವೈತಿ ಅದಕ್ಕ."

"ಹಕ್ಕಿ ಒಂಟಿಕಾಲಿನಾಗ ಮಲಗತಾವು. ನಿನ್ನ ಕಾಲು ನೋಯ್ತಾವಂತ ಊರ ಮಂದಿ ಕಾಲೆಲ್ಲ ನೋಯ್ತಾವೇನು?" ಎಂದು ನಕ್ಕುಬಿಟ್ಟೆ.

ಇನ್ನೊಂದು ವಾರಕ್ಕೆ ಗೆಜ್ಜಿ ಕೋಲಿನ ಮೇಲೆ ಹೊಟ್ಟೆ ಊರಿ ಮಲಗತೊಡಗಿತು. ಉಚ್ಚಂಗೆಮ್ಮ ಊಟ ಬಿಟ್ಟಳು. ಬೇರೆ ದಾರಿ ಕಾಣದೆ ಪಂಜರ ಎತ್ತಿಕೊಂಡು ಇಬ್ಬರೂ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದೆವು. ಅಲ್ಲಿ ಪಶುವೈದ್ಯೆ ಯಶೋಧಾ, ತಂಬ್ರಹಳ್ಳಿ ಊರಿನ ಎಮ್ಮೆಯೊಂದಕ್ಕೆ ಹೆರಿಗೆ ಮಾಡಿಸಿ ಆಗ ತಾನೇ ಕೈ ತೊಳೆಯುತ್ತಿದ್ದರು. ಗೆಜ್ಜಿಯನ್ನು ಮೆಲ್ಲಗೆ ಅಂಗಾತ ಹಿಡಿದು, ಭೂತಗನ್ನಡಿ ನನ್ನ ಕೈಗೆ ಕೊಟ್ಟರು.

"ನೋಡ್ರಿ ಯಜಮಾನ್ರ."

ನೋಡಿದೆ. ಜೋಳದ ಕಾಳಿನಷ್ಟು ಅಂಗಾಲು. ಚರ್ಮದ ಗೆರೆಯೆಲ್ಲ ಅಳಿಸಿ ಕೆಂಪಗೆ ಹೊಳೆಯುತ್ತಿತ್ತು. ನಡುವೆ ಕಪ್ಪು ಹಕ್ಕಳೆ, ಅದರ ಅಂಚಿನಲ್ಲಿ ಕೀವು. ಆ ಹೊಳಪು ನನಗೆ ಗುರುತಿತ್ತು.

"ಕಾಡಿನಾಗ ಈ ಹಕ್ಕಿ ಕೂರೋ ಟೊಂಗಿ ಒಂದರಂಗ ಒಂದು ಇರಂಗಿಲ್ರಿ," ಎಂದರು ಡಾಕ್ಟರು. "ಒಂದು ದಪ್ಪ, ಒಂದು ತೆಳು, ನಡುವ ಗಂಟು. ಹೆಜ್ಜಿ ಹೆಜ್ಜಿಗೂ ಅಂಗಾಲಿನ ಬ್ಯಾರೆ ಬ್ಯಾರೆ ಜಾಗಕ್ಕ ಭಾರ ಬೀಳತೈತಿ. ನೀವು ಒಂದೇ ದಪ್ಪದ ಕೋಲು ಕೊಟ್ರ ಹಗಲೂ ರಾತ್ರಿ ಒಂದೇ ಜಾಗ ಒತ್ತತೈತಿ. ಮ್ಯಾಲೆ ವಾರ್ನಿಷ್ ಬ್ಯಾರೆ, ಜಾರತೈತಂತ ಬಿಗಿ ಹಿಡಿದು ಹಿಡಿದು ಹಿಂಗಾಗೈತಿ. ಕೀವು ಎಲುಬಿಗಿ ಇಳಿದ್ರ ಕಾಲು ಉಳಿಯಂಗಿಲ್ಲ, ಹಕ್ಕೀನೂ ಉಳಿಯಂಗಿಲ್ಲ. ಯಾರು ಮಾಡಿದ್ದು ಈ ಕೋಲು?"

"ಅಂಗಡಿಯವ್ನು," ಎಂದೆ.

ಉಚ್ಚಂಗೆಮ್ಮ ನನ್ನ ಮುಖ ನೋಡಿದಳು. ಡಾಕ್ಟರು ಆಮೇಲೆ ಮುಲಾಮು, ಔಷಧಿ, ಯಾವ ಟೊಂಗೆ ಹಾಕಬೇಕು, ಯಾವುದು ಹಾಕಬಾರದು ಎಂದೆಲ್ಲ ಹೇಳುತ್ತಿದ್ದರು. ನನ್ನ ಕಿವಿಗೆ ಒಂದೂ ಬೀಳಲಿಲ್ಲ. ಬಸ್ಸಿನಲ್ಲಿ ಕೂತಾಗ ಸುಳ್ಳಾಡಿದ ನನ್ನ ಬಾಯಿ ನನಗೇ ಅಸಹ್ಯವಾಯಿತು. ಪ್ರವೀಣ ಹಿಕ್ಕೆಯ ನಡುವೆ ಸೆಂಟು ಹೊಡೆದುಕೊಂಡು ಕೂರುತ್ತಾನೆ; ನಾನು ಮಾಡಿದ್ದೂ ಅದೇ ಅಲ್ಲವೇ?

ಮನೆಗೆ ಬಂದವನೇ ಲೇತ್ ಹಚ್ಚಿದೆ. ದಪ್ಪ ತೆಳು ಇರುವ ಕೋಲನ್ನೇ ಕಡೆದರಾಯಿತು ಎಂದುಕೊಂಡೆ. ಉಳಿ ಹಿಡಿದ ಕೈ ಕೇಳಲಿಲ್ಲ. ಎಲ್ಲಿ ಉಬ್ಬು ಬಿಡಬೇಕೋ ಅಲ್ಲೇ ಹೋಗಿ ಸವರಿ ಸಮ ಮಾಡಿತು. ಮೂರು ತುಂಡು ಕೆಡಿಸಿ, ಕುಡುಗೋಲು ಹಿಡಿದು ಹಿತ್ತಲಿಗೆ ಹೋದೆ. ನನ್ನ ಕಣ್ಣು ನೆಟ್ಟಗೆ ಹೋಗಿ ಪೂಜೆಗೆ ಬೆಳೆಸಿದ ಕಣಗಿಲೆ ಗಿಡದ ಮೇಲೆ ಬಿತ್ತು. ಅಷ್ಟು ನೇರವಾದ, ಅಷ್ಟು ನಯವಾದ ಟೊಂಗೆ ಬೇರೆ ಯಾವ ಗಿಡದಲ್ಲಿದೆ?

"ಅಯ್ಯೋ, ಅದನ್ನ ಮುಟ್ಟಬ್ಯಾಡ್ರಿ!" ಉಚ್ಚಂಗೆಮ್ಮ ಬಾಗಿಲಿನಿಂದ ಚೀರಿದಳು. "ಅದು ವಿಷ. ಡಾಕ್ಟ್ರು ಅಷ್ಟು ಸಲ ಹೇಳಿದ್ರಲ್ರಿ! ಬೇವಿಂದು ತರ್ರಿ. ಸೊಟ್ಟ ಇದ್ರೂ ಅಡ್ಡಿ ಇಲ್ಲ."

ಬೇವಿನ ಸೊಟ್ಟ ಟೊಂಗೆ ಮೂರು ತಂದೆ. ಒಂದು ಹೆಬ್ಬೆರಳಿನ ದಪ್ಪ, ಇನ್ನೊಂದು ಕಿರುಬೆರಳಿನಷ್ಟು, ಮತ್ತೊಂದಕ್ಕೆ ನಡುವೆಯೇ ದೊಡ್ಡ ಗಂಟು. ಅವಳು ಬಿಸಿನೀರಲ್ಲಿ ಉಜ್ಜಿ ಬಿಸಿಲಿಗೆ ಒಣಗಿಸಿದಳು. ಪಂಜರಕ್ಕೆ ಸಿಕ್ಕಿಸುವಾಗ ನನ್ನ ಕೈ ತಾನಾಗಿ ಚಾಕು ಹುಡುಕಿತು, ಆ ಗಂಟು ಸವರಲು. "ಕೈ ತಗೀರಿ," ಎಂದಳು. ತೆಗೆದೆ.

ಮರುದಿನ ಪ್ರವೀಣನ ಅಂಗಡಿಗೆ ಹೋದೆ. ನನ್ನ ಹೊಳೆಯುವ ಕೋಲುಗಳ ಮೇಲೆ ಹಕ್ಕಿಗಳು ಸಾಲಾಗಿ ಕೂತಿದ್ದವು. ಒಂದು ಎಡಗಾಲು ಎತ್ತಿತು, ಇನ್ನೊಂದು ಬಲಗಾಲು ಎತ್ತಿತು. ದಿನಾ ಇದನ್ನು ನೋಡಿಯೂ ಇವನಿಗೆ ಅನ್ನ ಹೇಗೆ ಇಳಿಯುತ್ತದೆ ಅನ್ನಿಸಿತು. ನನಗೂ ಒಂದು ವರ್ಷ ಇಳಿದಿತ್ತಲ್ಲ.

"ಇವನ್ನ ತಗದು ಬೇವಿನ ಟೊಂಗಿ ಹಾಕು. ನಾನಾ ತಂದು ಕೊಡ್ತೀನಿ," ಎಂದೆ.

"ಕಟ್ಟಿಗಿ ಹೊರಿ ತಂದು ಇಟ್ರ ಶೋ ಕೆಡತೈತಿ ಬೆನಕಪ್ಪಣ್ಣ. ನಿಮ್ಮ ಕೋಲು ನೋಡೇ ಜನ ಪಂಜರ ಒಯ್ತಾರ."

ಹರಪನಹಳ್ಳಿಯ ಹೆಣ್ಣುಮಗಳೊಬ್ಬಳು ಪಂಜರ ಕೈಲಿ ಹಿಡಿದು ನಿಂತಿದ್ದಳು. ಅವಳಿಗೆ ಕೇಳುವಂತೆ ಹೇಳಿದೆ: "ತಾಯಿ, ಆ ಕೋಲು ಮಾಡಿದವ ನಾನಾ. ಅದರಿಂದಾನ ನಮ್ಮ ಮನಿ ಹಕ್ಕಿ ಕಾಲು ಕೊಳೀತು."

ಅವಳು ಪಂಜರ ಕೆಳಗಿಟ್ಟಳು. ಪ್ರವೀಣನ ಮುಖ ಕಪ್ಪಿಟ್ಟಿತು. ನಾನು ಒಂದು ಕೋಲು ಕಿತ್ತು ಮೊಣಕಾಲಿಗೆ ಹಚ್ಚಿ ಮುರಿಯಲು ಹೋದೆ. ಮುರಿಯಲಿಲ್ಲ. ಅಷ್ಟು ಗಟ್ಟಿ ಮಾಡಿದ್ದೆ ದರಿದ್ರದ್ದನ್ನು.

ಇಪ್ಪತ್ತು ದಿನ ಮುಲಾಮು ಹಚ್ಚಿದೆವು. ನಿನ್ನೆ ಸಂಜೆ ಗೆಜ್ಜಿ ಬೇವಿನ ಟೊಂಗೆಯ ಮೇಲೆ ಸರಿಯುತ್ತ ಬಂದು, ಆ ಗಂಟಿನ ಪಕ್ಕ ನೋವಿನ ಕಾಲನ್ನು ಊರಿ ನಿಂತಿತು. ಎರಡೂ ಕಾಲ ಮೇಲೆ ನಿಂತು ರೆಕ್ಕೆ ಕೊಡವಿತು. ಉಚ್ಚಂಗೆಮ್ಮ ಮಗುವಿನಂತೆ ನಕ್ಕಳು. ನನಗೂ ಎದೆ ಹಗುರಾಯಿತು.

"ಹಿಡೀರಿ, ಇವತ್ತಿನ ಮುಲಾಮು ಹಚ್ಚೂಣು," ಎಂದು ಊರುಗೋಲನ್ನು ಗೋಡೆಗೆ ಒರಗಿಸಿ, ಮುಲಾಮು ಹಾಕಿಸಿಕೊಳ್ಳಲು ಅಂಗೈ ಚಾಚಿದಳು.

ಇಷ್ಟು ದಿನವೂ ನನ್ನ ಕಣ್ಣು ಹಕ್ಕಿಯ ಅಂಗಾಲಿನ ಮೇಲೆಯೇ ಇತ್ತು; ಅವಳ ಅಂಗೈಯನ್ನು ನಾನು ಸರಿಯಾಗಿ ನೋಡಿ ಎಷ್ಟು ವರ್ಷವಾಗಿತ್ತೋ. ನಟ್ಟನಡುವೆ ನಿಂಬೆಹಣ್ಣಿನ ಗಾತ್ರದ ಗುಂಡನೆಯ ಗುರುತು. ರೇಖೆಯೆಲ್ಲ ಅಳಿಸಿ ಕೆಂಪಗೆ ಹೊಳೆಯುತ್ತಿತ್ತು. ಮಧ್ಯದಲ್ಲಿ ಕಪ್ಪಗೆ ದಡ್ಡು ಕಟ್ಟಿತ್ತು.

"ಇದೇನು?"

"ಕೋಲು ಒತ್ತಿದ್ದು."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ನಲ್ರಿ," ಎಂದಳು ಗೆಜ್ಜಿಯನ್ನೇ ನೋಡುತ್ತ. "ನೀವು ಪಾಲಿಶ್ ಹೊಡದು ಕೊಟ್ರಿ."