ಅಕ್ಕನ ಮೇಲೆ ಏಳು ಗೆಲುವು

ಎರಡು ವರ್ಷದಿಂದ ನನ್ನ ರೇಟಿಂಗು ಸಾವಿರದ ನಾನೂರರ ಆಸುಪಾಸಿನಲ್ಲೇ ಬಿದ್ದುಕೊಂಡಿದೆ. ಅಪ್ಪಿತಪ್ಪಿ ಸಾವಿರದ ನಾನೂರ ಅರವತ್ತಕ್ಕೆ ಏರಿದ ದಿನ ಅಡುಗೆಮನೆಯಲ್ಲಿ ಕುಣಿಯುತ್ತೇನೆ. ಮರುದಿನ ಸಾವಿರದ ಮುನ್ನೂರ ತೊಂಬತ್ತಕ್ಕೆ ಜಾರಿ ಮನೆಯವರ ಮೇಲೆ ಹರಿಹಾಯುತ್ತೇನೆ. ಆನ್‌ಲೈನ್ ಚೆಸ್ ಆಡುವವರಿಗೆ ಈ ಸಂಖ್ಯೆಯ ಸಂಕಟ ಹೇಳಬೇಕಾಗಿಲ್ಲ. ಆಡದವರು ಇಷ್ಟು ತಿಳಿದುಕೊಂಡರೆ ಸಾಕು: ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ, ನನ್ನಂಥವರಿಗೆ ಏರಿದಷ್ಟೇ ಇಳಿಯುತ್ತದೆ. ಹೊಸಬರು ನಮ್ಮನ್ನು ಕಂಡು ಹೆದರುತ್ತಾರೆ, ಬಲ್ಲವರು ನಮ್ಮನ್ನು ಕಂಡು ಆಕಳಿಸುತ್ತಾರೆ.

ನಾನು ಮಾಡದ ಪ್ರಯತ್ನವಿಲ್ಲ. ದಿನಕ್ಕೆ ಮೂವತ್ತು ಚೆಸ್ ಒಗಟು ಬಿಡಿಸಿದೆ. ಮೂರು ದಪ್ಪ ಪುಸ್ತಕ ಓದಿದೆ. ಒಬ್ಬ ಗಡ್ಡದವನ ವಿಡಿಯೋ ಪಾಠ ಪೂರ್ತಿ ಕೇಳಿ, ಆಟದ ಶುರುವಿನ ಹನ್ನೆರಡು ನಡೆಗಳನ್ನು ಮಗ್ಗಿ ಬಾಯಿಪಾಠ ಮಾಡಿದ ಹಾಗೆ ಮಾಡಿದೆ. ಎದುರಾಳಿ ಮೂರನೇ ನಡೆಗೇ ಪುಸ್ತಕದಲ್ಲಿಲ್ಲದ್ದನ್ನು ಆಡಿಬಿಡುತ್ತಾನೆ. ಉಳಿದ ಒಂಬತ್ತನ್ನು ಏನು ಮಾಡುವುದು, ಉಪ್ಪು ಹಾಕಿ ನೆಕ್ಕುವುದೇ?

ಇನ್ನೂ ಹೊಟ್ಟೆ ಉರಿಸುವ ಸಂಗತಿಯೆಂದರೆ ನನ್ನ ಕೆಲಸ. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಔಷಧಿ ಪೆಟ್ಟಿಗೆಯೊಳಗೆ ಎಂಟು ಮಡಿಕೆ ಮಾಡಿ ಇಡುತ್ತಾರಲ್ಲ, ಇರುವೆ ಸಾಲಿನಂಥ ಅಕ್ಷರದ ಚೀಟಿ, ಅದರಲ್ಲಿ ಒಂದು ಸೊನ್ನೆ ಹೆಚ್ಚಾಗಿದ್ದರೂ ನನ್ನ ಕಣ್ಣಿಗೆ ಕುಕ್ಕುತ್ತದೆ. ಹದಿನೆಂಟು ವರ್ಷದಿಂದ ಊರವರ ತಪ್ಪನ್ನೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತುತ್ತಾ ಬಂದವಳು ನಾನು. ಅಂಥವಳಿಗೆ ಹಲಗೆಯ ಮೇಲೆ ಮೂರು ಮನೆ ಆಚೆ ಕೂತ ಎದುರಾಳಿಯ ಒಂಟೆ ಕಾಣುವುದಿಲ್ಲ. ಆಟ ಮುಗಿದ ಮೇಲೆ ಯಂತ್ರ ನನ್ನ ನಡೆಗಳನ್ನು ತಿದ್ದಿ, ತಪ್ಪಿದ ಕಡೆಯೆಲ್ಲ ಎರಡೆರಡು ಕೆಂಪು ಪ್ರಶ್ನೆ ಚಿಹ್ನೆ ಹಾಕುತ್ತದೆ. ಅದನ್ನು ನೋಡಿದಾಗಲೆಲ್ಲ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

"ಅದು ಆಟ ಕಣೇ," ಎನ್ನುತ್ತಾರೆ ಮನೆಯವರು. ಅವರು ಬೀಗ ರಿಪೇರಿ ಮಾಡುವವರು. ಯಾವುದೇ ಬೀಗ ಹತ್ತು ನಿಮಿಷದಲ್ಲಿ ತೆರೆದುಕೊಳ್ಳುವುದರಿಂದ ಲೋಕದಲ್ಲಿ ಎಲ್ಲವೂ ಹಾಗೇ ಎಂದುಕೊಂಡಿದ್ದಾರೆ.

ಆದರೆ ನನಗೆ ಬೇಕಾಗಿದ್ದದ್ದು ರೇಟಿಂಗ್ ಅಲ್ಲ. ನನಗೆ ಬೇಕಾಗಿದ್ದದ್ದು ಅಕ್ಕನನ್ನು ಸೋಲಿಸುವುದು, ಒಂದೇ ಒಂದು ಸಲವಾದರೂ ನ್ಯಾಯವಾಗಿ ಸೋಲಿಸುವುದು.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಸಿಟಿ ಬಸ್ಸಿನ ಡ್ರೈವರು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸೈಕಲ್ಲಿಗೂ ತಾಗಿಸಿದವಳಲ್ಲ, ಅದನ್ನು ಹೇಳಿಕೊಳ್ಳುವಾಗ ಅವಳ ಕತ್ತು ಒಂದು ಅಂಗುಲ ಉದ್ದವಾಗುತ್ತದೆ. ನನಗೆ ಎಂಟು ವರ್ಷವಿದ್ದಾಗ ಚೆಸ್ ಕಲಿಸಿದವಳು ಅವಳೇ, ಅಂದಿನಿಂದ ಸೋಲಿಸುತ್ತಾ ಬಂದವಳೂ ಅವಳೇ. ಪುಸ್ತಕ ಮುಟ್ಟುವುದಿಲ್ಲ, ಒಗಟು ಬಿಡಿಸುವುದಿಲ್ಲ. ಬಸ್ಸು ಕೊನೆಯ ಸ್ಟಾಪಿನಲ್ಲಿ ಹದಿನೈದು ನಿಮಿಷ ನಿಂತಾಗ ಫೋನನ್ನು ಸ್ಟಿಯರಿಂಗ್ ಮೇಲೆ ಒರಗಿಸಿಟ್ಟು, ಬಿಸ್ಕತ್ತು ತಿನ್ನುತ್ತಾ ನನ್ನ ರಾಜನನ್ನು ಮೂಲೆಗೆ ತಳ್ಳುತ್ತಾಳೆ. ಅವಳ ರೇಟಿಂಗ್ ಸಾವಿರದ ಏಳುನೂರು. ದಿನಕ್ಕೊಂದು ಆಟ ನಮ್ಮ ರೂಢಿ. ಆಟ ಮುಗಿದ ಮೇಲೆ ಫೋನು ಬರುತ್ತದೆ.

"ಏನೇ ಮೊಂಡಿ, ಮತ್ತೆ ಮಂತ್ರೀನ ಆಚೆ ಓಡಿಸ್ದೆಯಲ್ಲ. ಮನೇಲಿ ಕೂರಕ್ಕೆ ಬೇಜಾರಾ ಅದಕ್ಕೆ?"

ಮೂರು ವಾರದ ಹಿಂದೆ ಒಂದು ಬೆಳಿಗ್ಗೆ ಅಕ್ಕ ಒಂದು ಆನೆಯನ್ನು ಪುಕ್ಕಟೆ ಬಿಟ್ಟುಕೊಟ್ಟಳು. ನನ್ನ ಒಂಟೆ ಅದರತ್ತ ದಿಟ್ಟಿಸುತ್ತಾ ಕೂತಿತ್ತು, ಅವಳು ಬೇರೆಲ್ಲೋ ಏನೋ ಆಡಿದಳು. ಬಲೆ ಇರಬೇಕೆಂದು ಐದು ನಿಮಿಷ ಯೋಚಿಸಿದೆ. ಬಲೆಯಿರಲಿಲ್ಲ. ಆನೆ ತಿಂದೆ, ಆಟ ಗೆದ್ದೆ, ಪ್ರೆಸ್ಸಿನಲ್ಲಿ ಎಲ್ಲರಿಗೂ ಚಹಾ ಕೊಡಿಸಿದೆ. ಚಹಾ ಯಾಕೆಂದು ಕೇಳಿದವರಿಗೆ ಉತ್ತರ ಹೇಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋಡಿಕೊಳ್ಳಲಿ. ಅವರಿಗೆ ಅಂಥ ಅಕ್ಕ ಇಲ್ಲ.

ಆಮೇಲೆ ಎರಡನೆಯದು, ಮೂರನೆಯದು. ಮೂರು ವಾರದಲ್ಲಿ ಏಳು ಗೆಲುವು! ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಅಂದ್ರೆ ಈಗ ನೀನು ಸಾವಿರದ ಏಳುನೂರಾ?" ಎಂದರು ಮನೆಯವರು.

ಇಲ್ಲ. ಅದೇ ನನ್ನನ್ನು ಹುಚ್ಚು ಹಿಡಿಸಿದ್ದು. ಊರುಕೇರಿ ಗೊತ್ತಿಲ್ಲದವರ ಕೈಲೆಲ್ಲ ಹೊಡೆತ ತಿಂದು ನನ್ನ ರೇಟಿಂಗು ಸಾವಿರದ ಮುನ್ನೂರ ಎಂಬತ್ತಕ್ಕೆ ಇಳಿದಿತ್ತು.

"ಹಾಗಾದ್ರೆ ನಿಮ್ಮಕ್ಕ ಬೇಕೂಂತ ಬಿಟ್ಕೊಡ್ತಿದಾರೆ ಬಿಡು."

"ರೀ, ಸುಮ್ನಿರ್ತೀರಾ? ಅಕ್ಕ ಬಿಟ್ಕೊಡೋ ಪೈಕಿನಾ? ನಂಗೆ ಜ್ವರ ಬಂದಾಗ್ಲೂ ಬಿಟ್ಕೊಟ್ಟೋಳಲ್ಲ."

ಅಕ್ಕ ಬಿಟ್ಟುಕೊಡುತ್ತಿರಲಿಲ್ಲ ಎಂಬುದು ಅವಳ ಸಿಟ್ಟಿನಿಂದಲೇ ಗೊತ್ತಾಗುತ್ತಿತ್ತು. ಮೊದಮೊದಲು ನಕ್ಕಳು. ನಾಲ್ಕನೆಯ ಸೋಲಿನ ಹೊತ್ತಿಗೆ ಫೋನಿನಲ್ಲೇ ಸಿಡುಕತೊಡಗಿದಳು.

"ಆ ಕುದುರೆ ಅಲ್ಲಿರ್ಲೇ ಇಲ್ಲ ಕಣೇ."

"ಮತ್ತೆ ಆಕಾಶದಿಂದ ಬಿತ್ತಾ ಅಕ್ಕಾ?"

"ಬಿದ್ದಿರ್ಬೇಕು. ಈಗೀಗ ಎಲ್ಲಾನೂ ಹಾಗೇ ಬೀಳತ್ತೆ. ನಿನ್ನೆ ಬಸ್ಸಿನ ಕನ್ನಡಿ ಮತ್ತೆ ಹೋಯ್ತು. ಎಡಗಡೇದು. ತಿಂಗಳಲ್ಲಿ ಎರಡನೇ ಸಲ. ಕಂಬ ನೆಡೋರಿಗೆ ರಸ್ತೆ ಯಾವ್ದು, ಫುಟ್‌ಪಾತ್ ಯಾವ್ದು ಅಂತ ಗೊತ್ತಿರಲ್ವಾ?"

ಸೋತವರ ನೆವ ಎಂದುಕೊಂಡೆ. ಎರಡು ವರ್ಷದಿಂದ ಅಂಥ ನೆವಗಳನ್ನು ನಾನೇ ತಯಾರಿಸುತ್ತಿರುವುದರಿಂದ ಗುರುತು ಹತ್ತಿತು, ಒಳಗೊಳಗೇ ಖುಷಿಯೂ ಆಯಿತು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಏಳನೆಯ ಗೆಲುವು ಸಿಕ್ಕಿದ ದಿನ ಊಟದ ವಿರಾಮದಲ್ಲಿ ನಾನು ಏಳೂ ಆಟಗಳನ್ನು ಪ್ರೆಸ್ಸಿನ ಪ್ರಿಂಟರಿನಲ್ಲಿ ತೆಗೆದುಕೊಂಡು ಕೂತೆ. ಉದ್ದೇಶ ಸರಳ. ಅಕ್ಕನ ಎದುರು ನಾನು ಏನೋ ಸರಿಯಾಗಿ ಆಡುತ್ತಿದ್ದೇನೆ, ಅದೇನೆಂದು ಪತ್ತೆ ಹಚ್ಚಿದರೆ ಉಳಿದವರ ಎದುರೂ ಹಾಗೇ ಆಡಬಹುದು. ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಕೆಂಪು ಪೆನ್ನು ತೆಗೆದೆ.

ಹತ್ತೇ ನಿಮಿಷಕ್ಕೆ ನನ್ನ ಜಂಬ ಇಳಿಯಿತು. ನಾನು ಏನನ್ನೂ ಸರಿಯಾಗಿ ಮಾಡಿರಲಿಲ್ಲ. ನನ್ನ ತಪ್ಪುಗಳು ಎಂದಿನಷ್ಟೇ ಇದ್ದವು, ಎಂದಿನಷ್ಟೇ ಪೆದ್ದಾಗಿದ್ದವು. ಅಕ್ಕ ಪ್ರತಿ ಆಟದಲ್ಲೂ ಒಂದು ಕಾಯಿಯನ್ನು ಸುಮ್ಮನೆ ಕಳೆದುಕೊಂಡಿದ್ದಳು, ಅಷ್ಟೆ. ಅದಕ್ಕಿಂತ ಮುಂಚಿನ ನಡೆಗಳೆಲ್ಲ ಅವಳ ಹಳೆಯ ನಡೆಗಳೇ, ಗಟ್ಟಿ, ತಣ್ಣಗೆ, ನನ್ನನ್ನು ಉಸಿರುಗಟ್ಟಿಸುವಂಥವು.

ಎಲ್ಲೆಲ್ಲಿ ಕಳೆದುಕೊಂಡಳೆಂದು ಸುತ್ತು ಹಾಕುತ್ತಾ ಹೋದೆ. ಚೆಸ್ ಹಲಗೆಯ ಉದ್ದ ಸಾಲುಗಳಿಗೆ ಎ ಯಿಂದ ಎಚ್ ವರೆಗೆ ಹೆಸರಿರುತ್ತದೆ. ಅಕ್ಕ ಬಿಳಿ ಆಡಿದ ನಾಲ್ಕು ಆಟಗಳಲ್ಲಿ ಹೋದದ್ದು ಎ ಮತ್ತು ಬಿ ಸಾಲಿನ ಕಾಯಿಗಳು. ಕಪ್ಪು ಆಡಿದ ಮೂರರಲ್ಲಿ ಹೋದದ್ದು ಜಿ ಮತ್ತು ಎಚ್ ಸಾಲಿನವು. ನಡುವಿನ ನಾಲ್ಕು ಸಾಲುಗಳಲ್ಲಿ ಒಂದು ಕಾಲಾಳೂ ಪುಕ್ಕಟೆ ಹೋಗಿರಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ಲೆಕ್ಕಾಚಾರವಿದೆ. ತಪ್ಪುಗಳು ಪುಟದ ತುಂಬ ಚೆಲ್ಲಾಡಿದ್ದರೆ ಟೈಪು ಮಾಡಿದವರಿಗೆ ಬೈಯಬೇಕು. ಪ್ರತಿ ಪುಟದಲ್ಲೂ ಒಂದೇ ಅಂಚಿನಲ್ಲಿ ಅಕ್ಷರ ಮಾಯವಾಗಿದ್ದರೆ ಟೈಪು ಮಾಡಿದವರನ್ನು ಬಿಟ್ಟು ಅಚ್ಚಿನ ಪ್ಲೇಟು ನೋಡಬೇಕು, ಅಲ್ಲೇನೋ ಸವೆದಿರುತ್ತದೆ. ಆದರೆ ಇಲ್ಲಿ ಎರಡೂ ಅಂಚು ಹೋಗಿತ್ತು, ಒಂದು ಅಂಚಲ್ಲ. ಅಕ್ಕನಿಗೆ ಅಂಚಿನ ಆಟ ಬರುವುದಿಲ್ಲ ಎಂದು ಬರೆದುಕೊಳ್ಳಲು ಹೊರಟವಳ ಪೆನ್ನು ಅರ್ಧಕ್ಕೆ ನಿಂತಿತು.

ಫೋನಿನಲ್ಲಿ ಪ್ರತಿಯೊಬ್ಬರಿಗೂ ಅವರವರ ಕಡೆಯಿಂದಲೇ ಹಲಗೆ ಕಾಣುತ್ತದೆ. ಬಿಳಿ ಆಡುವವರ ಎಡಗೈ ಕಡೆಗೆ ಎ, ಬಿ. ಕಪ್ಪು ಆಡುವಾಗ ಹಲಗೆ ತಿರುಗುತ್ತದೆ, ಆಗ ಎಡಗೈ ಕಡೆಗೆ ಬರುವುದು ಎಚ್, ಜಿ. ನಾನು ಏಳೂ ಆಟವನ್ನು ಹಾಳೆಯ ಮೇಲಿನ ಅಕ್ಷರಗಳಲ್ಲಷ್ಟೇ ನೋಡಿದ್ದೆ. ಫೋನು ತೆಗೆದು, ಹಲಗೆ ತಿರುಗಿಸುವ ಗುಂಡಿ ಒತ್ತಿ ಅಕ್ಕನ ಕುರ್ಚಿಯಿಂದ ನೋಡಿದೆ.

ಏಳಕ್ಕೆ ಏಳೂ ಎಡಗಡೆ.

ಬಸ್ಸಿನ ಕನ್ನಡಿ ಹೋದದ್ದೂ ಎಡಗಡೆಯದೇ. ಗೋಡೆ ಗಡಿಯಾರದಲ್ಲಿ ಒಂದು ಇಪ್ಪತ್ತು. ಅಕ್ಕನ ಡ್ಯೂಟಿ ಎರಡೂವರೆಗೆ. ಮೇಜಿನ ಮೇಲೆ ಡಬ್ಬಿ ಬಿಟ್ಟು, ಮೇಲ್ವಿಚಾರಕರಿಗೆ ಏನೋ ಒಂದು ಹೇಳಿ, ಎರಡು ಬೀದಿ ಆಚೆಯ ಅವಳ ಮನೆಗೆ ಹೆಚ್ಚುಕಡಿಮೆ ಓಡಿದೆ.

ಅಕ್ಕ ಯೂನಿಫಾರ್ಮ್ ಹಾಕಿಕೊಂಡು ಊಟಕ್ಕೆ ಕೂತಿದ್ದಳು. ತಟ್ಟೆಯ ಬಲ ಅರ್ಧ ಖಾಲಿಯಾಗಿತ್ತು. ಎಡಗಡೆಯ ಪಲ್ಯ ಹಾಗೇ ಇತ್ತು.

"ಏನೇ, ಗೆದ್ದಿದ್ದು ಸಾಲ್ದು ಅಂತ ಮನೆಗೇ ಬಂದ್ಯಾ ಹಂಗಿಸಕ್ಕೆ?"

"ಅಕ್ಕಾ, ಪಲ್ಯ ಯಾಕೆ ತಿಂದಿಲ್ಲ?"

"ಯಾವ ಪಲ್ಯ?" ಎಂದು ತಲೆ ಹೊರಳಿಸಿದವಳು ಅದನ್ನು ಕಂಡು ಸುಮ್ಮನೆ ತಿನ್ನತೊಡಗಿದಳು.

ನಾನು ಹಾಳೆಗಳನ್ನು ಹರಡಿ ಹೇಳಿದೆ. ನೆಟ್ಟಗೆ ಹೇಳಲು ಬರಲಿಲ್ಲ. ಪ್ಲೇಟು, ಅಂಚು, ಎಚ್, ಜಿ ಎಂದು ತೊದಲಿದೆ. ಅವಳ ಮುಖ ಕೆಂಪಾಗುತ್ತಾ ಬಂತು.

"ಮೂವತ್ತೆಂಟು ವರ್ಷ ಸೋತು ಏಳು ಸಲ ಗೆದ್ದಿದೀಯ. ಅಷ್ಟಕ್ಕೇ ನಾನು ಕುರುಡಿ ಆದ್ನಾ?"

"ಹಾಗಲ್ಲ ಅಕ್ಕಾ..."

"ಇನ್ ಹೇಗೆ? ಇರೋದೆಲ್ಲ ಚೆನ್ನಾಗ್ ಕಾಣತ್ತೆ ನಂಗೆ. ನಿನ್ ಮೂತಿ ಕಾಣತ್ತೆ, ಅದರ ಮೇಲಿರೋ ಬೆವರೂ ಕಾಣತ್ತೆ. ದಾರಿ ಬಿಡು, ಲೇಟಾಯ್ತು."

ಸಿಟ್ಟು ಎಲ್ಲಿತ್ತೋ, ನುಗ್ಗಿ ಬಂತು. ಮೂವತ್ತೆಂಟು ವರ್ಷದಲ್ಲಿ ಒಮ್ಮೆಯಾದರೂ ನನ್ನ ಮಾತು ಕೇಳಿದವಳೇ ಅವಳು? ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಒಂದೇ ನಿಮಿಷ ಕೂತ್ಕೋ. ನನ್ನ ಮೂಗು ನೋಡು. ಕಣ್ಣು ಆಚೀಚೆ ಹೊರಳಿಸ್ಬೇಡ. ಆಮೇಲೆ ಎಲ್ಲಿಗ್ ಬೇಕಾದ್ರೂ ಹೋಗು."

"ನೋಡೋವಂಥ ಮೂಗೇನಲ್ಲ ಅದು," ಎಂದಳು. ಆದರೆ ಕೂತಳು.

ಅವಳ ಎದುರು ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತೆ. ಅವಳ ಬಲಗಡೆಗೆ ನನ್ನ ಒಂದು ಕೈ ಚಾಚಿ ಬೆರಳು ತೋರಿಸಿದೆ.

"ಎಷ್ಟು?"

"ಎರಡು. ನಂಗೇನು ಮಗ್ಗಿ ಪರೀಕ್ಷೆನಾ ಇದು?"

"ಈಗ?"

"ನಾಲ್ಕು."

ಆ ಕೈ ಇಳಿಸಿ ಅವಳ ಎಡಗಡೆಗೆ ಇನ್ನೊಂದನ್ನು ಎತ್ತಿದೆ. ಐದೂ ಬೆರಳು ಬಿಡಿಸಿದೆ. ಅವಳು ನನ್ನ ಮೂಗನ್ನೇ ನೋಡುತ್ತಾ ಕಾದಳು.

"ಹ್ಞೂಂ, ತೋರ್ಸು."

ಬೆರಳುಗಳನ್ನು ಆಡಿಸಿದೆ.

"ತೋರ್ಸೇ ಬೇಗ. ಬಸ್ಸು ನನಗೋಸ್ಕರ ಕಾಯತ್ತೆ, ಜನ ಕಾಯಲ್ಲ."

"ತೋರಿಸ್ತಾನೇ ಇದೀನಿ ಅಕ್ಕಾ."

ಅವಳು ಮೆಲ್ಲನೆ ತಲೆ ತಿರುಗಿಸಿದಳು. ಕಿವಿಯಿಂದ ಒಂದು ಗೇಣು ದೂರದಲ್ಲಿ ನನ್ನ ಕೈ ಇತ್ತು. ಅದನ್ನು ಬಹಳ ಹೊತ್ತು ನೋಡಿದಳು. ಮತ್ತೆ ಮುಖ ನೇರ ಮಾಡಿದಳು, ಮತ್ತೆ ತಿರುಗಿಸಿದಳು. ಎರಡು ಮೂರು ಸಲ ಹಾಗೆ ಮಾಡಿದಳು. ನನಗೆ ಅಳು ಬರುತ್ತಿತ್ತು. ಅವಳ ಮುಂದೆ ಅತ್ತರೆ ಬೈಯುತ್ತಾಳೆಂದು ನುಂಗಿಕೊಂಡೆ.

"ಎಷ್ಟು ದಿನದಿಂದ?" ಎಂದಳು.

"ಮೊದಲನೇ ಸಲ ಗೆದ್ದಿದ್ದು ಮೂರು ವಾರದ ಹಿಂದೆ."

"ದಿನಕ್ಕೆ ಆರು ಟ್ರಿಪ್ಪು," ಎಂದಳು. ಹಾಳೆಗಳನ್ನು ಪಕ್ಕಕ್ಕೆ ಸರಿಸಿ, "ಐದನೇ ಸ್ಟಾಪಲ್ಲಿ ಶಾಲೆ ಇದೆ. ಎಡಗಡೆ," ಎಂದಳು.

ಎದ್ದು ಕೈ ತೊಳೆದು ಬಂದು ಡಿಪೋಗೆ ಫೋನು ಮಾಡಿದಳು. "ಇವತ್ತು ನನ್ನ ಗಾಡಿ ಬೇರೆಯವರಿಗೆ ಕೊಡಿ ಸಾರ್. ಇಲ್ಲ, ಜ್ವರ ಅಲ್ಲ. ಕಣ್ಣು. ನಾಳೆನೂ ಬೇಡ. ನಾನು ಹೇಳೋವರೆಗೂ ಬೇಡ." ಆ ಕಡೆಯವರು ಏನೋ ತಮಾಷೆ ಮಾಡಿರಬೇಕು, ಅವಳು ನಗಲಿಲ್ಲ. ಯೂನಿಫಾರ್ಮಿನ ಮೇಲಂಗಿ ಬಿಚ್ಚಿ ಕುರ್ಚಿಗೆ ನೇತು ಹಾಕಿ, ಬೇರೆ ಅಂಗಿ ಹಾಕಿಕೊಂಡು ಬಂದಳು.

"ಮೊಂಡಿ."

"ಏನಕ್ಕಾ?"

"ಆ ಏಳೂ ಲೆಕ್ಕಕ್ಕಿಲ್ಲ."

ಇಂಥ ಹೊತ್ತಿನಲ್ಲೂ ಅವಳಿಗೆ ಅದೇ ಚಿಂತೆ! "ಆಯ್ತು ಮಾರಾಯ್ತಿ, ಲೆಕ್ಕಕ್ಕಿಲ್ಲ, ನಡಿ," ಎಂದು ರೇಗಿದೆ. ನಿಜ ಹೇಳಬೇಕೆಂದರೆ ನನಗೂ ಅವನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಆ ಏಳಕ್ಕಾಗಿ ನಾನು ಎಷ್ಟು ವರ್ಷ ಕಾದಿದ್ದೆ ಎಂದು ನನಗೊಬ್ಬಳಿಗೇ ಗೊತ್ತು.

ಕಣ್ಣಿನ ಆಸ್ಪತ್ರೆ ದೊಡ್ಡ ರಸ್ತೆಯ ಆಚೆ ಬದಿಯಲ್ಲಿತ್ತು. ಕೈ ಹಿಡಿಯಲು ಹೋದರೆ ಕೊಡವಿಕೊಂಡಳು, ತನಗೆ ದಾರಿ ತೋರಿಸುವವರು ಇನ್ನೂ ಹುಟ್ಟಬೇಕು ಎಂದಳು. ಒಂದು ವ್ಯಾನು ತೀರ ಹತ್ತಿರದಿಂದ ಹಾದುಹೋಯಿತು. ನಾನು ಮಾತಾಡದೆ ಅವಳ ಎಡಗಡೆಗೆ ಬಂದು, ವಾಹನಗಳಿಗೂ ಅವಳಿಗೂ ನಡುವೆ ನಡೆಯತೊಡಗಿದೆ.

ನಾಲ್ಕು ಹೆಜ್ಜೆ ಹೋಗಿರಬೇಕು. ಅಕ್ಕ ಥಟ್ಟನೆ ನಿಂತಳು. ಮುಂದೆ ನೋಡಿದಳು, ಬಲಕ್ಕೆ ನೋಡಿದಳು, ತಿರುಗಿ ಬಂದ ದಾರಿಯತ್ತ ನೋಡಿದಳು. ಅವಳು ಅಷ್ಟು ಹೆದರಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಎಲ್ಲಿ ಹೋದ್ಯೇ?" ಎಂದು ಕೂಗಿದಳು. ನಾನು ಅವಳ ಎಡ ತೋಳಿಗೆ ತೋಳು ತಾಗಿಕೊಂಡೇ ನಿಂತಿದ್ದೆ.