ದಕ್ಷಿಣದ ಗೋಡೆ

ತಿಥಿ ಮುಗಿದ ಮರುದಿನ ಬೆಳಿಗ್ಗೆ ಹಾಲಿನವನು ಬಂದಾಗ ಬಾಗಿಲು ತೆಗೆದವಳು ಸುಕನ್ಯಾ. ಹನ್ನೊಂದು ದಿನ ಬೇರೆ ಯಾರಾದರೂ ತೆಗೆಯುತ್ತಿದ್ದರು. ನೆಂಟರೆಲ್ಲ ಹಿಂದಿನ ಸಂಜೆಯ ಬಸ್ಸಿಗೇ ಹೊರಟುಹೋಗಿದ್ದರು. ಬಾಗಿಲು ಪೂರ್ತಿ ತೆರೆಯುವಂತಿರಲಿಲ್ಲ. ಅದರ ಹಿಂದೆ ಒಂದು ಪ್ಲೈವುಡ್ ಹಲಗೆ ಒರಗಿತ್ತು.

"ಇವತ್ತಿಂದ ಎಷ್ಟು ಅಕ್ಕ? ಮೊದಲಿನಂಗೆ ಎರಡಾ?"

ಸುಕನ್ಯಾ ಒಂದು ಕೈ ಚಾಚಿದಳು. "ಒಂದು ಸಾಕು."

"ಎರಡೇ ಈಸ್ಕೊ," ಎಂದಳು ಅವಳ ಅತ್ತೆ ಚಿಕ್ಕತಾಯಮ್ಮ, ಚಾಪೆಯಿಂದ ಏಳದೆ. "ನಾನೇನ್ ಗಾಳಿ ಕುಡ್ಕಂಡು ಇದ್ದನಾ?"

ಹಾಲಿನವನು ಎರಡು ಪೊಟ್ಟಣ ಕೊಟ್ಟು ಮುಖ ಎತ್ತದೆ ಹೋದ. ಸುಕನ್ಯಾ ಹಲಗೆಗೆ ಸೆರಗು ತಗುಲದಂತೆ ಮೈ ಓರೆ ಮಾಡಿಕೊಂಡು ಒಳಗೆ ಬಂದು ಒಲೆ ಹಚ್ಚಿದಳು.

ಇದನ್ನೆಲ್ಲ ನಾನು ಗೋಡೆಯ ಮೇಲಿನ ಪುಸ್ತಕದ ಹಲಗೆಯಿಂದ ನೋಡುತ್ತಿದ್ದೆ. ನಾನು ಒಂದು ರಸಮಟ್ಟ. ಗೋಡೆ, ನೆಲ, ಕಿಟಕಿಯ ಚೌಕಟ್ಟು ಸಮವಾಗಿವೆಯೇ ಎಂದು ನೋಡಲು ಗಾರೆ ಕೆಲಸದವರು ಇಡುವ ಪಟ್ಟಿ. ಮೊಳದುದ್ದದ ತೇಗದ ಮೈ, ನಡುವೆ ಗಾಜಿನ ನಳಿಗೆ, ನಳಿಗೆಯಲ್ಲಿ ಹಸಿರು ರಸ, ರಸದಲ್ಲಿ ಒಂದು ಗುಳ್ಳೆ. ಗುಳ್ಳೆ ಎರಡು ಗೆರೆಗಳ ನಡುವೆ ನಿಂತರೆ ಸಮ, ಸರಿದರೆ ಓರೆ. ನನಗೆ ಗೊತ್ತಿರುವುದು ಇಷ್ಟೇ. ಇಷ್ಟನ್ನೇ ಇಟ್ಟುಕೊಂಡು ನಲವತ್ತು ವರ್ಷ ಬದುಕಿದ್ದೇನೆ.

ನಾನು ಹುಟ್ಟಿದ್ದು ಮೈಸೂರಿನ ಒಂದು ಬಡಗಿ ಅಂಗಡಿಯಲ್ಲಿ, ಯಾರೋ ಕಿತ್ತು ಮಾರಿದ ಹಳೆಯ ಬಾಗಿಲಿನ ತುಂಡಿನಿಂದ. ಬಡಗಿ ನನ್ನ ಹೊಟ್ಟೆ ಕೊರೆದು, ಗಾಜಿನ ನಳಿಗೆಯನ್ನು ಬಿಳಿ ಗಾರೆಯಲ್ಲಿ ಕೂರಿಸಿ, ಮೇಲೆ ಹಿತ್ತಾಳೆಯ ತಗಡು ಬಡಿದ. ಗಾರೆ ಒಣಗುವ ತನಕ ಯಾರೂ ಮುಟ್ಟಬಾರದೆಂದು ನನ್ನನ್ನು ಒಂದು ರಾತ್ರಿ ಕಲ್ಲಿನ ಮೇಲೆ ಒಂಟಿಯಾಗಿ ಬಿಟ್ಟಿದ್ದರು. ನನ್ನನ್ನು ಕೊಂಡವನು ನಂಜನಗೂಡಿನ ಒಬ್ಬ ಹಿರಿಯ ಮೇಸ್ತ್ರಿ. ಛತ್ರ, ಶಾಲೆ, ಅಕ್ಕಿ ಗಿರಣಿ ಎಂದು ದೊಡ್ಡ ದೊಡ್ಡ ನೆಲಗಳ ಮೇಲೆ ನನ್ನನ್ನಿಟ್ಟ. ಸಿಮೆಂಟಿನ ದೂಳು ಅವನ ಎದೆ ಕಟ್ಟಿತು. ಉಸಿರು ಎಳೆಯಲಾರದ ದಿನಗಳಲ್ಲಿ ತನ್ನ ಅಕ್ಕನ ಮಗ ರಾಚಯ್ಯನನ್ನು ಕರೆದು ನನ್ನನ್ನು ಅವನ ಕೈಗಿಟ್ಟು, "ಹೆಂಡ್ರ ಕೊಟ್ರೂ ಮಟ್ಟ ಕೊಡಬ್ಯಾಡ," ಎಂದ. ಅದು ಆ ಕೆಲಸದವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಹಳೆಯ ತಮಾಷೆ. ಅಂದು ಯಾರೂ ನಗಲಿಲ್ಲ.

ರಾಚಯ್ಯನಿಗೆ ಛತ್ರಗಳು ಸಿಗಲಿಲ್ಲ. ಅವನು ಕಟ್ಟಿದ್ದೆಲ್ಲ ಸಣ್ಣ ಮನೆಗಳು, ಬಾಡಿಗೆಗೆಂದು ಸಾಲಾಗಿ ಎಬ್ಬಿಸಿದ ಒಂದೊಂದು ಕೋಣೆಗಳು. ಹತ್ತಡಿ ಅಗಲ, ಹದಿಮೂರು ಅಡಿ ಉದ್ದ. ಇಪ್ಪತ್ತೈದು ವರ್ಷ ಅವನು ನನ್ನನ್ನು ಯಾರಿಗೂ ಎರವಲು ಕೊಡಲಿಲ್ಲ. ಕೊಟ್ಟದ್ದು ಒಬ್ಬನಿಗೆ, ಗುರುಪಾದನಿಗೆ.

ಸುಕನ್ಯಾಳ ಗಂಡ ಗುರುಪಾದ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ. ರಾಚಯ್ಯನೇ ಕಟ್ಟಿದ ಸಾಲಿನ ಕೊನೆಯ ಕೋಣೆಗೆ ಮದುವೆಯಾದ ಹೊಸತರಲ್ಲಿ ಬಂದ. ಸಣ್ಣ ಮನೆಯನ್ನು ದೊಡ್ಡದು ಮಾಡುವುದೇ ಅವನ ಹುಚ್ಚು. ಪತ್ರಿಕೆಯಿಂದ ಮನೆಗಳ ಚಿತ್ರ ಕತ್ತರಿಸುತ್ತಿದ್ದ, ಫೋನಿನಲ್ಲಿ ನೋಡಿದ್ದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಒಂದು ಸಂಜೆ ರಾಚಯ್ಯನ ಜಗಲಿಗೆ ಬಂದು ಕೂತ.

"ಮೇಸ್ತ್ರಿ, ನೀವು ಕಟ್ಟಿದ ಮನೇಲಿ ಒಂದ್ ಗೋಲಿ ಬಿಟ್ರೆ ತಾನಾಗೇ ಬಚ್ಚಲಿಗೆ ಹೋಯ್ತದೆ."

"ನೀರು ಹೋಗ್ಲಿ ಅಂತ ಓರೆ ಮಾಡಿದ್ದು ಕಣಪ್ಪ. ಗೋಲಿ ಆಡ್ಲಿ ಅಂತ ಅಲ್ಲ."

"ಅದ್ಕೇ ನಿಮ್ಮ ಮಟ್ಟ ಕೊಡಿ. ನೆಲ ನಂಬ್ಕೊಂಡು ಏನೂ ಹೊಡಿಯಂಗಿಲ್ಲ. ನಾಕೇ ದಿನ."

ರಾಚಯ್ಯ ಅವನನ್ನು ನೋಡಿ ನಕ್ಕ. ನನ್ನನ್ನು ಕೊಟ್ಟುಬಿಟ್ಟ.

ನಾಲ್ಕು ದಿನ ನಾಲ್ಕು ತಿಂಗಳಾಯಿತು. ಗುರುಪಾದ ಮಂಚದ ಕಾಲು ಎತ್ತರಿಸಿ ಅದರಡಿಗೆ ಗಾಲಿಯ ಪೆಟ್ಟಿಗೆಗಳನ್ನು ಮಾಡಿದ. ಬಟ್ಟೆಯೆಲ್ಲ ಅಲ್ಲಿಗೆ ಹೋಯಿತು. ಕಿಟಕಿಗೆ ಎದುರಾಗಿ ಉದ್ದದ ಕನ್ನಡಿ ಹಾಕಿದ. ಬೆಳಕು ಎರಡು ಸಲ ಒಳಗೆ ಬಂತು. ಬಾಗಿಲ ನೆತ್ತಿಯ ಮೇಲೆ ಅಕ್ಕಿ ಡಬ್ಬಗಳಿಗೆ ಅಟ್ಟಣೆ, ಒಲೆಯ ಪಕ್ಕ ಸೌಟುಗಳಿಗೆ ಕೊಕ್ಕೆ. ಪ್ರತಿಯೊಂದರ ಮೇಲೂ ನನ್ನನ್ನಿಟ್ಟು, ಕಣ್ಣು ಕಿರಿದು ಮಾಡಿ, ಗುಳ್ಳೆ ನಿಲ್ಲುವ ತನಕ ಉಸಿರು ಬಿಡುತ್ತಿರಲಿಲ್ಲ. ಸುಕನ್ಯಾ ಮಂಚದ ಮೇಲೆ ಕಾಲು ಮಡಿಚಿ ಕೂತು, ತೊಡೆಯ ಮೇಲೆ ರೊಟ್ಟಿ ಮಣೆ ಇಟ್ಟುಕೊಂಡು ಬರೆಯುತ್ತಿದ್ದಳು. ಅವಳು ಅರ್ಥಶಾಸ್ತ್ರದ ಎಂ.ಎ.; ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕಾಯಂ ಕೆಲಸದ ಪರೀಕ್ಷೆಗೆ ಓದುತ್ತಿದ್ದಳು. ಕತ್ತು ನೋಯುತ್ತದೆ ಎಂದು ಒಮ್ಮೆ ಹೇಳಿದಳು. ಒಂದು ಮೇಜಿದ್ದರೆ ಎಂದಳು. ಅಷ್ಟೇ.

ಆ ಮನೆಯಲ್ಲಿ ಮೇಜಿಗೆ ಉಳಿದಿದ್ದದ್ದು ಒಂದೇ ಗೋಡೆ. ಪೂರ್ವಕ್ಕೆ ಒಲೆ ಮತ್ತು ದೇವರು, ಪಶ್ಚಿಮಕ್ಕೆ ಬಾಗಿಲು ಮತ್ತು ಕಿಟಕಿ, ಉತ್ತರಕ್ಕೆ ಮಂಚ. ದಕ್ಷಿಣದ ಗೋಡೆಗೆ ಗುರುಪಾದ ಮೊದಲು ಅವಳ ಪುಸ್ತಕಗಳಿಗೆ ಹಲಗೆ ಹಾಕಿದ. ಅದರ ಕೆಳಗೆ ಮಡಚುವ ಮೇಜು ಬರಬೇಕು: ಬೇಕಾದಾಗ ಇಳಿಸುವುದು, ಬೇಡವಾದಾಗ ಎತ್ತಿ ಗೋಡೆಗೆ ಮುಚ್ಚುವುದು. ಅವಳನ್ನು ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕೂರಿಸಿ, ಮೊಣಕೈ ಎತ್ತರಕ್ಕೆ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದ. ಗೆರೆಯ ಪಕ್ಕ "ಮೇಡಂ ಅವರ ಕಚೇರಿ" ಎಂದು ಬರೆದ.

ಹಲಗೆ ತರಲು ಒಂದು ಭಾನುವಾರ ಹೊಳೆಯಾಚೆಯ ಅಂಗಡಿಗೆ ಹೊರಟ.

"ಗೂಡ್ಸ್ ಆಟೊ ಮಾಡ್ಕೊಂಡು ಬನ್ನಿ," ಎಂದಳು ಸುಕನ್ಯಾ.

"ಹಲಗೆನ ಮದುವಣಗಿತ್ತಿ ಥರ ಆಟೊದಲ್ಲಿ ಕೂರಿಸ್ಕೊಂಡು ಬರ್ಲಾ? ನನ್ನ ಬೈಕಿಗೇನು ರೋಗ?"

ಹಲಗೆಯನ್ನು ಬೈಕಿನ ಹಿಂದೆ ಅಡ್ಡಡ್ಡ ಕಟ್ಟಿಕೊಂಡು ಅಂಗಡಿಯಿಂದ ಹೊರಟನಂತೆ. ಕಪಿಲೆಯ ಸೇತುವೆಯ ಮೇಲೆ ಗಾಳಿ. ಎದುರಿನಿಂದ ಬಸ್ಸು ಬಂದಾಗ ಗಾಳಿ ಹಲಗೆಯನ್ನು ಹಾಯಿಯಂತೆ ಹಿಡಿದು ತಿರುಗಿಸಿತಂತೆ. ನಾನು ಅಲ್ಲಿರಲಿಲ್ಲ, ನನ್ನನ್ನು ಅವನು ಮನೆಯಲ್ಲೇ ಬಿಟ್ಟು ಹೋಗಿದ್ದ. ಕೊನೆಗೆ ಹಲಗೆ ಆಟೊದಲ್ಲೇ ಬಂತು. ಮನೆ ತುಂಬ ಜನ ಅಳುತ್ತಿರುವಾಗ ಯಾರೋ ಒಬ್ಬ ಅದನ್ನು ಹೊತ್ತು ತಂದು, "ಇದು ಅವರದ್ದೇ ಅಂದ್ರು," ಎಂದು ಬಾಗಿಲ ಹಿಂದೆ ಒರಗಿಸಿ ಹೋದ. ಒಂದು ಮೂಲೆಯಲ್ಲಿ ಗೀರು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ.

ತಿಥಿಗೆ ಮುಂಚೆ ಮನೆಗೆ ಸುಣ್ಣ ಹೊಡೆಸುವುದು ಅವರಲ್ಲಿ ಪದ್ಧತಿ. ಸುಕನ್ಯಾಳ ಭಾವ, ಗುರುಪಾದನ ಅಣ್ಣ, ಆಳು ಕರೆಸಿ ನಾಲ್ಕೂ ಗೋಡೆಗೆ ಹೊಡೆಸಿದ. ಅವಳು ಆಗ ಹಿತ್ತಲ ಕಡೆ ಹೆಂಗಸರ ನಡುವೆ ಕೂತಿದ್ದಳು. ಒಳಗೆ ಬಂದಾಗ ದಕ್ಷಿಣದ ಗೋಡೆ ಹಾಲಿನಂತೆ ಬೆಳ್ಳಗಿತ್ತು. ಗೆರೆ ಇರಲಿಲ್ಲ, ಬರಹ ಇರಲಿಲ್ಲ. ಅವಳು ಗೋಡೆಯ ಮೇಲೆ ಕೈಯಿಟ್ಟಳು. ಕೈಗೆ ಸುಣ್ಣ ಅಂಟಿತು.

ಆ ಭಾವನೇ ಫೋಟೊ ಮಾಡಿಸಿ ತಂದದ್ದು. ದೊಡ್ಡ ಮನೆಯ ನಡುಮನೆಗೆ ತಕ್ಕ ಫೋಟೊ. ಅಗಲ ಎರಡಡಿ, ಎತ್ತರ ಎರಡೂವರೆ. ತಿಥಿಯ ದಿನ ಕುರ್ಚಿಯ ಮೇಲಿತ್ತು. ನೆಂಟರು ಹೋದ ಮೇಲೆ ಅದಕ್ಕೆ ಗೋಡೆ ಬೇಕಾಯಿತು.

"ತೀರ್ಕಂಡೋರ ಫೋಟೊ ದಕ್ಷಿಣದ ಗೋಡಗೇ ಹಾಕ್ಬೇಕು," ಎಂದಳು ಚಿಕ್ಕತಾಯಮ್ಮ, ಹಾಲು ಕುಡಿದ ಲೋಟ ಕೆಳಗಿಡುತ್ತ. "ವರ್ಸ ತುಂಬಗಂಟ ನಾನಿಲ್ಲೇ ಇದ್ದು ದೀಪ ಹಚ್ತೀನಿ."

"ಅಲ್ಲಿ ಮೇಜು ಬರುತ್ತೆ ಅತ್ತೆ."

"ಯಾವ ಮೇಜು?"

ಸುಕನ್ಯಾ ಬಾಗಿಲ ಹಿಂದೆ ನೋಡಿದಳು. ಚಿಕ್ಕತಾಯಮ್ಮನೂ ನೋಡಿದಳು.

"ಅದ ಒಲಗ ಹಾಕಿ ಸುಡು ಅಂತ ನಾನು ಅವತ್ತಿಂದ ಹೇಳ್ತಾವ್ನಿ. ಮೇಜು ಮೇಜು ಅಂತ ನೀನು ಕೇಳ್ದೆ ಇದ್ದಿದ್ರ ನನ್ ಮಗ ಅತ್ತಗ ಹೋಯ್ತಿರ್ನಿಲ್ಲ."

ಆ ಮಾತನ್ನು ಸುಕನ್ಯಾ ಹನ್ನೊಂದು ದಿನದಲ್ಲಿ ಬೇರೆ ಬೇರೆ ಬಾಯಿಗಳಿಂದ ಕೇಳಿದ್ದಳು. ಅವಳು ಅದನ್ನು ಒಮ್ಮೆಯೂ ಅಲ್ಲಗಳೆದದ್ದನ್ನು ನಾನು ಕೇಳಲಿಲ್ಲ.

ಒಂದು ವಾರ ಹಾಗೇ ಕಳೆಯಿತು. ಫೋಟೊ ಮಂಚದ ಮೇಲೆ, ಹಲಗೆ ಬಾಗಿಲ ಹಿಂದೆ, ಗೋಡೆ ಬರಿದು. ಮಂಚದಲ್ಲಿ ಫೋಟೊ ಮಲಗಿದ್ದರಿಂದ ಇಬ್ಬರು ಹೆಂಗಸರೂ ನೆಲದಲ್ಲಿ ಮಲಗುತ್ತಿದ್ದರು. ಮೇಜು ಬಂದರೂ ಅದರ ಮೇಲ್ಗಡೆ ಗೋಡೆಗೆ ಫೋಟೊ ಹಾಕಬಹುದಲ್ಲ ಎಂದು ಪಕ್ಕದ ಮನೆಯಾಕೆ ಒಮ್ಮೆ ಹೇಳಿದಳು.

"ಮೇಗಡ ಪುಸ್ತಕದ ಹಲ್ಗ ಅದಲ್ಲ. ಅದ ಕಿತ್ತರೂ, ಅವನ ಮೊಕದ ಕೆಳಗ ಕೂತ್ಕಂಡು ಉಂಡು ಎಂಜಲು ಮಾಡದಾ?" ಎಂದಳು ಚಿಕ್ಕತಾಯಮ್ಮ. ಆಮೇಲೆ ದನಿ ತಗ್ಗಿತು. "ಗೋಡ ಮೇಲ ಅವನ ಮೊಕ ಇಲ್ದಿದ್ರ, ಇಂಥೋನೊಬ್ಬ ಈ ಮನೇಲಿ ಇದ್ದ ಅಂತ ಯಾರ್ಗವ್ವ ಗೊತ್ತಾದ್ದು?"

ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡು ಎದ್ದು ಹೋದಳು. ಸುಕನ್ಯಾ ಕನ್ನಡಿಯನ್ನು ನೋಡಿದಳು, ಕೊಕ್ಕೆಗಳನ್ನು, ಅಟ್ಟಣೆಯನ್ನು, ಗಾಲಿಯ ಪೆಟ್ಟಿಗೆಗಳನ್ನು.

ಮರುದಿನ ಬೆಳಿಗ್ಗೆ ಅವಳು ಗಾಲಿಯ ಪೆಟ್ಟಿಗೆಯಿಂದ ಗುರುಪಾದನ ಡ್ರಿಲ್ಲಿಂಗ್ ಮಷೀನು ತೆಗೆದಳು. ಸ್ಟೂಲಿನ ಮೇಲೆ ಕೂತು ತಾನೇ ತನ್ನ ಮೊಣಕೈಯನ್ನು ಗೋಡೆಗೆ ತಾಗಿಸಿ ಒಂದು ಚುಕ್ಕೆ ಇಟ್ಟಳು. ನನ್ನನ್ನು ಕೆಳಗಿಳಿಸಿ ಚುಕ್ಕೆಗೆ ಹಿಡಿದು, ಗುಳ್ಳೆ ನಡುವೆ ನಿಂತ ಮೇಲೆ ಗೆರೆ ಎಳೆದಳು. ಅವಳು ನನ್ನನ್ನು ಒಂದಿಷ್ಟೂ ಅಲುಗಿಸಲಿಲ್ಲ. ಅಲುಗಿಸಿದ್ದರೆ ನನಗೆ ತಿಳಿಯುತ್ತಿತ್ತು.

"ಏನವ್ವ ಮಾಡ್ತಿದ್ದೀಯ?" ಎಂದಳು ಚಿಕ್ಕತಾಯಮ್ಮ.

"ಮೇಜು ಹಾಕ್ತಿದೀನಿ ಅತ್ತೆ. ಮುಂದಿನ ತಿಂಗಳು ಪರೀಕ್ಷೆ."

ಮುದುಕಿ ಮಂಚದ ಮೇಲೆ ಕೂತು ಫೋಟೊವನ್ನು ತೊಡೆಗೆ ಎಳೆದುಕೊಂಡಳು. ಡ್ರಿಲ್ಲಿನ ಸದ್ದು ಕೋಣೆ ತುಂಬಿತು. ಸುಣ್ಣ, ಇಟ್ಟಿಗೆಯ ಪುಡಿ ಫೋಟೊದ ಗಾಜಿನ ಮೇಲೆ ಕೂರುತ್ತಿತ್ತು. ಅವಳು ಸೆರಗಿನಿಂದ ಮಗನ ಮುಖ ಒರೆಸುತ್ತಿದ್ದಳು. ಮತ್ತೆ ಕೂರುತ್ತಿತ್ತು, ಮತ್ತೆ ಒರೆಸುತ್ತಿದ್ದಳು.

ತಾನೇ ಹಲಗೆ ಎತ್ತಿ ಹಿಡಿದು ತಾನೇ ತಿರುಪು ಬಿಗಿಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಸುಕನ್ಯಾ ಮೂರು ಸಲ ಪ್ರಯತ್ನಿಸಿದಳು. ಮೂರನೆಯ ಸಲ ಹಲಗೆ ಜಾರಿ ಅವಳ ಪಾದದ ಮೇಲೆ ಬಿತ್ತು. ಅವಳು ಬಗ್ಗಿ ಮತ್ತೆ ಎತ್ತಿದಳು.

ಚಿಕ್ಕತಾಯಮ್ಮ ಫೋಟೊವನ್ನು ಮಂಚದ ಮೇಲಿಟ್ಟು ಎದ್ದು ಬಂದಳು. ಹಲಗೆಯ ಇನ್ನೊಂದು ತುದಿಯನ್ನು, ಗೀರಿದ್ದ ತುದಿಯನ್ನು, ಎರಡೂ ಕೈಯಲ್ಲಿ ಹಿಡಿದು ನಿಂತಳು. ಆರು ತಿರುಪು ಬಿಗಿಯುವ ತನಕ ಹಾಗೇ ನಿಂತಿದ್ದಳು. ಅವಳ ಮುಖ ಗೋಡೆಯ ಕಡೆಗಿತ್ತು.

ಆಮೇಲೆ ಕೈ ತೊಳೆದು, ಫೋಟೊವನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ತನ್ನ ಚೀಲ ತೆಗೆದುಕೊಂಡಳು.

"ಬಸ್ ಸ್ಟ್ಯಾಂಡ್ ಗಂಟ ಬರ್ತೀನಿ ಅತ್ತೆ."

"ಬ್ಯಾಡ." ಹೊಸ್ತಿಲಲ್ಲಿ ನಿಂತು ಫೋಟೊವನ್ನು ಕಂಕುಳಿಗೆ ಏರಿಸಿಕೊಂಡಳು. "ನಿಂಗ ಗೋಡ ಆಯ್ತು. ನಂಗ ಇಂವ."

ಬಾಗಿಲು ಈಗ ಪೂರ್ತಿ ತೆರೆಯುತ್ತಿತ್ತು. ಮಗನ ಫೋಟೊ ಅದರಲ್ಲಿ ಎಲ್ಲೂ ತಗುಲದೆ ಆಚೆ ಹೋಯಿತು. ಆ ಮನೆಯಲ್ಲಿ ಗುರುಪಾದನ ಬೇರೆ ಫೋಟೊ ಗೋಡೆಯ ಮೇಲೆ ಇರಲಿಲ್ಲ. ಸುಕನ್ಯಾ ಹಾಕಲೂ ಇಲ್ಲ. ಬಾಗಿಲು ಹಾಕಿ, ಮೇಜು ಇಳಿಸಿ, ಅದರ ಮುಂದೆ ಸಂಜೆಯ ತನಕ ಕೂತಿದ್ದಳು. ಪುಸ್ತಕ ತೆರೆಯಲಿಲ್ಲ.

ಆ ಭಾನುವಾರ ನನ್ನನ್ನು ಒಂದು ಪತ್ರಿಕೆಯಲ್ಲಿ ಸುತ್ತಿಕೊಂಡು ರೈಲು ಹಳಿಯಾಚೆಗಿನ ರಾಚಯ್ಯನ ಮನೆಗೆ ಬಂದಳು. ಅವನು ಜಗಲಿಯಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ.

"ಇದು ನಿಮ್ಮದು ಮೇಸ್ತ್ರಿ. ಅವರು ನಾಕು ದಿನಕ್ಕೆ ಅಂತ ತಂದಿದ್ದರು. ತಡ ಆಯ್ತು."

"ನಾನೇನ್ ಕೇಳಿದ್ನವ್ವ? ತಿಥಿಗ ಬಂದಾಗ ಮ್ಯಾಲೆ ಕಾಣ್ತು. ಇರ್ಲಿ ಬುಡು ಅಂದ್ಕಂಡೆ." ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡು ನನ್ನನ್ನು ತೆಗೆದುಕೊಂಡ. "ಮೇಜು ಹಾಕುಸ್ದಾ?"

"ನಾನೇ ಹಾಕ್ದೆ."

"ನೀನೇನಾ? ಸರಿಯಾಗಿ ಕೂತದಾ?"

ಅವಳು ತಲೆ ಅಲ್ಲಾಡಿಸಿದಳು. "ಪೆನ್ನು ಉರುಳುತ್ತೆ. ಗೆರೆ ಎಳೆಯುವಾಗ ನಾನೇ ಎಲ್ಲೋ ತಪ್ಪಿದೆ."

ರಾಚಯ್ಯ ನನ್ನನ್ನು ಜಗಲಿಯ ಕಲ್ಲಿನ ಮೇಲಿಟ್ಟ. ಗುಳ್ಳೆ ನಡುವೆ ನಿಂತಿತು. ನನ್ನನ್ನು ಎತ್ತಿ, ತಲೆ ಇದ್ದಲ್ಲಿಗೆ ಕಾಲು ಬರುವಂತೆ ತಿರುಗಿಸಿ, ಅದೇ ಜಾಗದಲ್ಲಿ ಮತ್ತೆ ಇಟ್ಟ. ಮಟ್ಟವನ್ನು ಪರೀಕ್ಷೆ ಮಾಡುವುದು ಹೀಗೆ: ಸಾಚಾ ಮಟ್ಟವಾದರೆ ತಿರುಗಿಸಿಟ್ಟರೂ ಗುಳ್ಳೆ ಅಲ್ಲೇ ನಿಲ್ಲಬೇಕು. ನನ್ನ ಗುಳ್ಳೆ ನಿಲ್ಲಲಿಲ್ಲ. ಗೆರೆ ದಾಟಿ ಪಕ್ಕಕ್ಕೆ ಹೋಗಿ ಕೂತಿತು.

ನಾನು ಬಿದ್ದದ್ದು ನಿಜ. ಹಲಗೆಯ ಮೇಲಿಂದ ಯಾರದೋ ಕೈ ತಗುಲಿ ಬಿದ್ದೆ, ಯಾರೋ ಎತ್ತಿಟ್ಟರು. ಆ ಹನ್ನೊಂದು ದಿನ ಅಷ್ಟು ಜನರ ನಡುವೆ ಆ ಮನೆಯಲ್ಲಿ ಬೀಳದ ವಸ್ತು ಯಾವುದೂ ಇರಲಿಲ್ಲ. ಹೇಳುವಂಥದ್ದೆಂದು ನನಗೆ ಅನಿಸಿರಲಿಲ್ಲ. ಒಳಗೆ ಗಾರೆ ಬಿರುಕು ಬಿಟ್ಟು ನಳಿಗೆ ವಾಲಿತ್ತು. ನನಗೆ ಗೊತ್ತಾಗಲಿಲ್ಲ. ಲೋಕದ ಓರೆಯನ್ನೆಲ್ಲ ಹೇಳಿದವನಿಗೆ ತನ್ನ ಓರೆ ಕಾಣುವ ದಾರಿ ಇರಲಿಲ್ಲ.

ರಾಚಯ್ಯ ಇನ್ನೊಮ್ಮೆ ತಿರುಗಿಸಿ ನೋಡಿದ. ಆಮೇಲೆ ಅವಳನ್ನು ನೋಡಿದ.

"ಮಟ್ಟ ಕೆಟ್ಟೋಗದ ಕನವ್ವ. ನಿನ್ ತಪ್ಪಲ್ಲ."

ಸುಕನ್ಯಾ ನಿಂತೇ ಇದ್ದಳು. "ಏನಂದ್ರಿ?"

"ನಿನ್ ತಪ್ಪಲ್ಲ ಅಂದೆ. ನೀನು ಸರಿಯಾಗೇ ಮಾಡಿದ್ದೀಯ. ನಾಳಕ ಬಂದು ಬಿಚ್ಚಿ, ಬ್ಯಾರೆ ಮಟ್ಟ ಇಟ್ಟು ಸರಿ ಮಾಡ್ಕೊಡ್ತೀನಿ."

ಅವಳು ಜಗಲಿಯ ಅಂಚಿಗೆ ಕೈಯೂರಿ ಕೂತುಬಿಟ್ಟಳು. ಅವಳ ಭುಜಗಳು ಒಮ್ಮೆ ಏರಿ ಇಳಿದವು, ಮತ್ತೆ ಏರಿದವು, ಆಮೇಲೆ ನಿಲ್ಲಲಿಲ್ಲ. ಮೂರು ವಾರ ನಾನು ಆ ಮನೆಯ ಗೋಡೆಯ ಮೇಲೆ ಕೂತು ನೋಡಿದ್ದೆ. ಅವಳು ಅತ್ತದ್ದನ್ನು ನೋಡಿರಲಿಲ್ಲ. ರಾಚಯ್ಯ ಒಳಗೆ ಹೋಗಿ ನೀರು ತಂದಿಟ್ಟು, ಮುಖ ತಿರುಗಿಸಿಕೊಂಡು, ಮತ್ತೆ ಮೊಣಕಾಲು ನೀವಿಕೊಳ್ಳತೊಡಗಿದ.

ಬಹಳ ಹೊತ್ತಿನ ಮೇಲೆ ಅವಳು ನೀರು ಕುಡಿದಳು.

"ಮೇಜು ಬಿಚ್ಚೋದು ಬೇಡ ಮೇಸ್ತ್ರಿ," ಎಂದಳು. "ಅತ್ತೆ ಒಂದು ಕಡೆ ಹಿಡ್ಕೊಂಡಿದ್ದರು."

"ಹಂಗಾರ ಇರ್ಲಿ," ಎಂದ ಅವನು.

ಅವಳು ಎದ್ದು, ಪತ್ರಿಕೆಯನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡು, ಹಳಿ ದಾಟಿ ಹೋದಳು. ರಾಚಯ್ಯ ನನ್ನನ್ನು ಒಳಗಿನ ಮೊಳೆಗೆ ತೂಗುಹಾಕಿದ. ಇನ್ನು ನನ್ನನ್ನು ಯಾವ ಗೋಡೆಗೂ ಇಡುವುದಿಲ್ಲ. ಗುಳ್ಳೆ ಒಂದು ತುದಿಗೆ ಹೋಗಿ ನಿಂತಿದೆ.